ಪ್ರತಿಯೂ ಮೂಲವೂ ಒಂದೇ ಪೆಟ್ಟಿಗೆಯಲ್ಲಿ

ಹಂದನಕೆರೆ, ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ತೆಂಗಿನ ಸೀಮೆಯಲ್ಲಿ ಗೃಹಸ್ಥನ ಸಂಪತ್ತಿಗೆ ಬಹುಕಾಲದಿಂದ ಅಟ್ಟವೇ ಆಶ್ರಯ. ಉಂಡೆಕೊಬ್ಬರಿಗಾಗಿ ಬಲಿತ ಕಾಯಿಗಳನ್ನು ಅಲ್ಲಿ ಕೂಡಿಟ್ಟು, 8ರಿಂದ 12 ತಿಂಗಳವರೆಗೆ ಕಾದು, ಒಳಗಿನ ನೀರು ಇಂಗಿ ಕೊಬ್ಬರಿಯು ಚಿಪ್ಪಿನಿಂದ ಬಿಟ್ಟುಕೊಂಡು ಸದ್ದು ಮಾಡುವ ತನಕ ತಾಳ್ಮೆಯಿಂದಿರುವುದು ಈ ಸೀಮೆಯವರಿಗೆ ಅಭ್ಯಾಸವಾದ ವಿದ್ಯೆ. ಈಚೆಗೆ ಇಂತಹ ಮನೆಗಳಿಗೆ ಮತ್ತೊಂದು ಬಗೆಯ ಅಟ್ಟವೂ ಬಂದು ಸೇರಿದೆ. ಅಂಗೈಯಗಲದ ಆ ಪೆಟ್ಟಿಗೆಗೆ ಹಾರ್ಡ್ ಡಿಸ್ಕ್ ಎಂದು ಹೆಸರು. ಮಗಳ ಮದುವೆಯ ವಿಡಿಯೋ, ಮೊಮ್ಮಗುವಿನ ನಾಮಕರಣದ ಭಾವಚಿತ್ರಗಳು, ಹಾಡು, ಸಿನಿಮಾ ಎಲ್ಲವೂ ಅದರೊಳಗೆ ತುಂಬಿರುತ್ತವೆ. ಅದೇ ಪೆಟ್ಟಿಗೆಯಲ್ಲಿ ಮನೆಯ ಕಂಪ್ಯೂಟರಿನ ಬ್ಯಾಕಪ್ಪನ್ನೂ, ಎಂದರೆ ರಕ್ಷಣೆಗಾಗಿ ತೆಗೆದ ಪ್ರತಿಯನ್ನೂ, ಇಡಬಹುದೇ ಎಂಬ ಪ್ರಶ್ನೆಯು ಅನೇಕ ಗೃಹಸ್ಥರಿಗೆ ಬರುವುದುಂಟು. ಈ ತಿಂಗಳು ಅದನ್ನು ವಿಚಾರಿಸೋಣ.

ಇಡಬಹುದೆಂಬುದೇ ಮೊದಲ ಉತ್ತರ. ಯಂತ್ರಕ್ಕೆ ಅದರಿಂದ ಬಾಧಕವೇನೂ ಇಲ್ಲ. ಆದರೆ ಇಡುವುದಕ್ಕೊಂದು ಕ್ರಮವುಂಟು. ಪೆಟ್ಟಿಗೆಯನ್ನು ಕೊಂಡ ದಿನವೇ, ಅದು ಖಾಲಿಯಾಗಿರುವಾಗಲೇ, ಎರಡು ವಿಭಾಗಗಳನ್ನು ಮಾಡಿಕೊಳ್ಳತಕ್ಕದ್ದು. ಒಂದು ಬ್ಯಾಕಪ್ಪಿಗೆ, ಇನ್ನೊಂದು ಚಿತ್ರ ಸಂಗೀತಾದಿಗಳಿಗೆ. ತುಂಬಿದ ಮೇಲೆ ಫಾರ್ಮ್ಯಾಟ್ ಮಾಡಹೋದರೆ ಒಳಗಿದ್ದುದೆಲ್ಲ ಅಳಿಸಿಹೋಗುತ್ತದೆ. ವಿಭಾಗಿಸದೆ ಬಿಟ್ಟರೆ ಇನ್ನೊಂದು ತೊಡಕು. ಬ್ಯಾಕಪ್ ಮಾಡುವ ತಂತ್ರಾಂಶಗಳು ಹಳೆಯ ಪ್ರತಿಗಳನ್ನೂ ಉಳಿಸಿಕೊಂಡು ಹೊಸದನ್ನು ಸೇರಿಸುತ್ತ ಹೋಗುವುದರಿಂದ, ಕಾಲಕ್ರಮದಲ್ಲಿ ಇದ್ದ ಜಾಗವನ್ನೆಲ್ಲ ಆಕ್ರಮಿಸಿಕೊಳ್ಳುತ್ತವೆ. ಆ್ಯಪಲ್ ಕಂಪ್ಯೂಟರುಗಳಲ್ಲಿ 2007ರಿಂದ ಬಂದಿರುವ ಟೈಮ್ ಮೆಷಿನ್ ಎಂಬುದು ಹೀಗೆಯೇ ಬೆಳೆದು, ಜಾಗ ತೀರಿದ ಬಳಿಕವೇ ತನ್ನ ಅತಿ ಹಳೆಯ ಪ್ರತಿಯನ್ನು ಅಳಿಸುತ್ತದೆ. ಕಂಪ್ಯೂಟರಿನೊಳಗಿನ ಡಿಸ್ಕಿಗೆ ಎರಡರಷ್ಟು ಸ್ಥಳವನ್ನು ಬ್ಯಾಕಪ್ಪಿಗೆ ಬಿಡುವುದು ಯುಕ್ತವಾದ ಲೆಕ್ಕ. ಒಳಗಿನ ಡಿಸ್ಕು 500 ಜಿಬಿ ಇದ್ದಲ್ಲಿ, 2 ಟಿಬಿ ಪೆಟ್ಟಿಗೆಯಲ್ಲಿ 1 ಟಿಬಿ ಬ್ಯಾಕಪ್ಪಿಗೆ, ಉಳಿದ 1 ಟಿಬಿ ಚಿತ್ರಗಳಿಗೆ. ಭಾವಚಿತ್ರವೊಂದಕ್ಕೆ 4 ಎಂಬಿ ಎಂದೆಣಿಸಿದರೆ ಈ ಅರ್ಧದಲ್ಲಿಯೇ ಎರಡೂವರೆ ಲಕ್ಷ ಚಿತ್ರಗಳು ಹಿಡಿಯುತ್ತವೆ.

ವಿಭಾಗಿಸಲು ಇನ್ನೊಂದು ಕಾರಣವುಂಟು. ಪ್ರತಿಯೊಂದು ಯಂತ್ರವೂ ತನಗೆ ಅರ್ಥವಾಗುವ ಬರವಣಿಗೆಯ ಕ್ರಮವನ್ನೇ ಓದುತ್ತದೆ. ಟೈಮ್ ಮೆಷಿನ್ನಿಗೆ ಬೇಕಾದ ಕ್ರಮವನ್ನು ವಿಂಡೋಸ್ ಕಂಪ್ಯೂಟರಾಗಲಿ ಸಾಮಾನ್ಯ ಟೆಲಿವಿಷನ್ನಾಗಲಿ ಓದಲಾರದು. ಹಳೆಯದಾದ ಫ್ಯಾಟ್ 32 ಎಂಬ ಕ್ರಮವನ್ನು ಬಹುಮಟ್ಟಿಗೆ ಎಲ್ಲವೂ ಓದಬಲ್ಲವಾದರೂ, ಅದರಲ್ಲಿ ಯಾವ ಒಂದು ಕಡತವೂ 4 ಜಿಬಿಯನ್ನು ಮುಟ್ಟುವಂತಿಲ್ಲ. ಮೂರು ಗಂಟೆಯ ಮದುವೆಯ ವಿಡಿಯೋ ಅನೇಕವೇಳೆ ಆ ಮಿತಿಯನ್ನು ದಾಟಿಬಿಡುತ್ತದೆ. ಆದುದರಿಂದ ಚಿತ್ರಗಳ ವಿಭಾಗಕ್ಕೆ ಎಕ್ಸ್‌ಫ್ಯಾಟ್ ಎಂಬ ಕ್ರಮವನ್ನಿಟ್ಟುಕೊಳ್ಳುವುದು ಅನುಕೂಲ.

ಇಷ್ಟರಿಂದ ಗೃಹಸ್ಥನು ನಿಶ್ಚಿಂತನಾಗಬಹುದೇ? ಆಗಕೂಡದು. ನಿಜವಾಗಿ ಹೇಳಬೇಕಾದ ಮಾತು ಇಲ್ಲಿಂದ ಮುಂದೆ ಇದೆ.

ಕಂಪ್ಯೂಟರಿನಲ್ಲಿರುವ ಕಾಗದಪತ್ರಗಳು ಎರಡೆಡೆ ಇವೆ, ಮೂಲವು ಕಂಪ್ಯೂಟರಿನಲ್ಲಿ, ಪ್ರತಿಯು ಪೆಟ್ಟಿಗೆಯಲ್ಲಿ. ಒಂದು ಕೆಟ್ಟರೂ ಮತ್ತೊಂದು ಉಳಿಯುತ್ತದೆ. ಆದರೆ ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಪೆಟ್ಟಿಗೆಗೆ ಸಾಗಿಸಿದ ಭಾವಚಿತ್ರಗಳು ಎಲ್ಲಿವೆ? ಪೆಟ್ಟಿಗೆಯಲ್ಲಿ ಮಾತ್ರ. ಬ್ಯಾಕಪ್ ತಂತ್ರಾಂಶವು ಕಂಪ್ಯೂಟರಿನೊಳಗಿನದನ್ನು ಕಾಯುತ್ತದೆಯೇ ಹೊರತು, ತಾನು ಕುಳಿತಿರುವ ಪೆಟ್ಟಿಗೆಯಲ್ಲಿನ ಇತರ ವಸ್ತುಗಳನ್ನು ಕಾಯುವುದಿಲ್ಲ. ಆದರೂ ಮನೆಮಂದಿಯೆಲ್ಲ ಆ ಪೆಟ್ಟಿಗೆಯನ್ನು ‘ಬ್ಯಾಕಪ್ ಡಿಸ್ಕು’ ಎಂದೇ ಕರೆಯುತ್ತಾರಾದ್ದರಿಂದ, ಅದರಲ್ಲಿರುವುದೆಲ್ಲ ಕ್ಷೇಮವೆಂಬ ಭ್ರಾಂತಿ ಬೆಳೆಯುತ್ತದೆ. ಹೆಸರು ರಕ್ಷಣೆಯದು, ಸ್ಥಿತಿ ಅನಾಥನದು. ವಿಭಾಗವೆಂಬುದು ಒಂದೇ ಕೋಣೆಯ ನಡುವೆ ಕಟ್ಟಿದ ಗೋಡೆ. ಮನೆಗೆ ಬೆಂಕಿ ಬಿದ್ದರೆ ಗೋಡೆಯ ಎರಡು ಕಡೆಯೂ ಸುಡುತ್ತದೆ.

ಪೆಟ್ಟಿಗೆಯ ಒಳಗಿನ ಏರ್ಪಾಡು ಎಷ್ಟು ಸೂಕ್ಷ್ಮವೆಂಬುದನ್ನು ಬಲ್ಲವರಿಗೆ ಈ ಮಾತು ಅತಿಶಯವೆನಿಸದು. ಸಾಮಾನ್ಯ ಪೆಟ್ಟಿಗೆಗಳಲ್ಲಿ ನುಣುಪಾದ ತಟ್ಟೆಗಳು ನಿಮಿಷಕ್ಕೆ 5,400 ಸುತ್ತು ತಿರುಗುತ್ತಿರುತ್ತವೆ. ಓದುವ ತಲೆಯು ತಟ್ಟೆಯನ್ನು ಮುಟ್ಟದೆ, ಕೂದಲೆಳೆಯ ಸಾವಿರದಲ್ಲೊಂದು ಪಾಲಿಗಿಂತಲೂ ಕಿರಿದಾದ ಅಂತರದಲ್ಲಿ ಅದರ ಮೇಲೆ ತೇಲುತ್ತದೆ. ಹೀಗೆ ತಿರುಗುತ್ತಿರುವಾಗ ಪೆಟ್ಟಿಗೆಯು ಮೇಜಿನಿಂದ ನೆಲಕ್ಕೆ ಬಿದ್ದರೆ, ಇಲ್ಲವೆ ಬರೆಯುತ್ತಿರುವಾಗಲೇ ಕರೆಂಟು ಹೋದರೆ, ಏನಾಗಬಹುದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಒಂದೇ ಪ್ರತಿಯನ್ನು ನಂಬಿದವರ ನಷ್ಟವು ಕನ್ನಡಿಗರಿಗೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಕವಿ ಪೊನ್ನನ ಶಾಂತಿಪುರಾಣವನ್ನು ದಾನಚಿಂತಾಮಣಿ ಅತ್ತಿಮಬ್ಬೆಯು ಸಾವಿರ ಪ್ರತಿ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಆ ಕಾವ್ಯ ಇಂದಿಗೂ ನಮಗುಂಟು. ಅದೇ ಕವಿಯು ಬರೆದನೆನ್ನಲಾದ ಭುವನೈಕರಾಮಾಭ್ಯುದಯವು ನಮಗೆ ದೊರೆತಿಲ್ಲ. ಉಳಿವಿಗೂ ಅಳಿವಿಗೂ ಪ್ರತಿಗಳ ಸಂಖ್ಯೆಯೊಂದೇ ಕಾರಣವೆಂದು ಹೇಳಲಾಗದು. ಆದರೂ ಓಲೆಗರಿಯು ಗೆದ್ದಲಿಗೂ ಬೆಂಕಿಗೂ ತುತ್ತಾಗುವ ಕಾಲದಲ್ಲಿ, ಕೃತಿಯೊಂದನ್ನು ಕಾಯಬೇಕಾದರೆ ಅದನ್ನು ಹಲವು ಊರುಗಳಿಗೆ ಕಳುಹಿಸಬೇಕೆಂಬ ವಿವೇಕವನ್ನು ಆ ಮಹಾತಾಯಿ ಸಾವಿರ ವರ್ಷಗಳ ಹಿಂದೆಯೇ ತೋರಿದಳು. ಗೆದ್ದಲು ಹೋಯಿತು, ಹಾರ್ಡ್ ಡಿಸ್ಕ್ ಬಂದಿತು. ವಿವೇಕವು ಮಾತ್ರ ಅದೇ ಬೇಕು.

ಎರಡು ಕೆಲಸಗಳ ಸ್ವಭಾವವೂ ಪರಸ್ಪರ ವಿರುದ್ಧ. ಚಿತ್ರಗಳ ಪೆಟ್ಟಿಗೆ ಜಂಗಮ. ಟೆಲಿವಿಷನ್ನಿಗೆ, ನೆಂಟರ ಮನೆಗೆ, ಸಿನಿಮಾ ಬೇಕೆಂದು ಕೇಳಿದ ನೆರೆಮನೆಯ ಹುಡುಗನ ಕೈಗೆ ಅದು ತಿರುಗುತ್ತಲೇ ಇರುತ್ತದೆ. ಬ್ಯಾಕಪ್ ಪೆಟ್ಟಿಗೆ ಸ್ಥಾವರ. ಅದು ಬೀರುವಿನಲ್ಲಿ ಸದ್ದಿಲ್ಲದೆ ಇದ್ದಷ್ಟೂ ಒಳ್ಳೆಯದು. ಎರಡನ್ನೂ ಒಂದುಗೂಡಿಸಿದರೆ, ಸಿನಿಮಾ ಕೇಳಿದವನ ಕೈಗೆ ಬ್ಯಾಂಕಿನ ಕಾಗದಗಳೂ ಆಧಾರ್ ಪ್ರತಿಗಳೂ ಹೋಗುತ್ತವೆ. ಪರರ ಕಂಪ್ಯೂಟರಿನಿಂದ ವೈರಸ್ಸು ಹತ್ತಿಬರುವ ಭಯವೂ ಉಂಟು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶವು 150ಕ್ಕೂ ಹೆಚ್ಚು ದೇಶಗಳಿಗೆ ಹರಡಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅಂಥದು ಕಂಪ್ಯೂಟರಿಗೆ ಜೋಡಿಸಿಟ್ಟ ಪೆಟ್ಟಿಗೆಯನ್ನೂ ಬಿಡುವುದಿಲ್ಲ. ಕೆಲಸ ತೀರಿದೊಡನೆ ಪೆಟ್ಟಿಗೆಯನ್ನು ಕ್ರಮವಾಗಿ ಬಿಡಿಸಿ ತೆಗೆದಿಡಬೇಕೆಂಬುದಕ್ಕೆ ಇದೇ ಕಾರಣ.

ಹಾಗಾದರೆ ಎರಡು ಪೆಟ್ಟಿಗೆ ಕೊಳ್ಳುವಷ್ಟು ಅನುಕೂಲ ಎಲ್ಲರಿಗೂ ಉಂಟೇ ಎಂದು ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಕೊಬ್ಬರಿಯ ಧಾರಣೆ ಕುಸಿದ ವರ್ಷ ಇಂತಹ ಖರ್ಚು ಯಾರಿಗೂ ಮೊದಲು ನೆನಪಾಗುವುದಿಲ್ಲ. ಅಂಥವರು ಮೊದಲು ಒಂದು ಕೆಲಸ ಮಾಡಲಿ. ಅಟ್ಟದಿಂದ ಇಳಿಸಿದ ಕಾಯಿಯನ್ನು ವಿಂಗಡಿಸುವಂತೆ, ಪೆಟ್ಟಿಗೆಯೊಳಗಿನದನ್ನು ಮೂರು ರಾಶಿ ಮಾಡಲಿ. ಮೊದಲನೆಯದು ಮತ್ತೆ ಸುಲಭವಾಗಿ ದೊರೆಯತಕ್ಕದ್ದು. ಸಿನಿಮಾ ಹಾಡುಗಳು ಇದಕ್ಕೆ ಸೇರುತ್ತವೆ. ಪಹಣಿಯ ಪ್ರತಿಯೂ ಇದಕ್ಕೇ ಸೇರಿತು, ಸರ್ಕಾರದ ‘ಭೂಮಿ’ ದಾಖಲೆಯಿಂದ ಅದನ್ನು ಪುನಃ ಪಡೆಯಬಹುದು. ಎರಡನೆಯದು ಶ್ರಮಪಟ್ಟರೆ ದೊರೆಯತಕ್ಕದ್ದು. ಮೂರನೆಯದು ಎಂದಿಗೂ ದೊರೆಯಲಾರದ್ದು. ತೀರಿಹೋದ ಅಜ್ಜಿಯು ಸೋಬಾನೆ ಹಾಡಿದ ಧ್ವನಿ, ಮಗುವಿನ ಮೊದಲ ಹೆಜ್ಜೆ, ಮನೆಯ ಹಿರಿಯರೆಲ್ಲ ಒಟ್ಟಿಗೆ ಕುಳಿತ ಕೊನೆಯ ಹಬ್ಬದ ಚಿತ್ರ ಇಂಥವು. ಈ ಮೂರನೆಯ ರಾಶಿ ನೂರು ಜಿಬಿಯನ್ನೂ ಮೀರದಿರುವ ಮನೆಗಳೇ ಹೆಚ್ಚಾಗಿರಬಹುದು. ಹಾಗಿದ್ದಲ್ಲಿ 128 ಜಿಬಿಯ ಪೆನ್‌ಡ್ರೈವು ಒಂದು ಸಾಕು. ಪೆನ್‌ಡ್ರೈವು ಚಿರಸ್ಥಾಯಿಯಲ್ಲವಾದರೂ, ಎರಡನೆಯ ಪ್ರತಿಯಾಗಿ ಇಲ್ಲದುದಕ್ಕಿಂತ ಎಷ್ಟೋ ಮೇಲು.

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಛಾಯಾಗ್ರಾಹಕರು ಕಂಡುಕೊಂಡ ನಿಯಮ. ನಮ್ಮವರಿಗೆ ಈ ಕೊನೆಯ ಭಾಗವು ಕಷ್ಟವಲ್ಲ. ಮಕ್ಕಳು ಬೆಂಗಳೂರಿನಲ್ಲಿಯೋ ತುಮಕೂರಿನಲ್ಲಿಯೋ ಇರುವ ಮನೆಗಳು ಹೇರಳವಾಗಿವೆ. ಯುಗಾದಿಗೆ ಬಂದ ಮಗನ ಕೈಯಲ್ಲಿ ಕಾಯಿ ಕೊಬ್ಬರಿಯ ಚೀಲದೊಡನೆ ಒಂದು ಪ್ರತಿಯನ್ನೂ ಕೊಟ್ಟು ಕಳುಹಿಸಿ, ಗೌರಿ ಹಬ್ಬಕ್ಕೆ ಬಂದಾಗ ಅದಕ್ಕೆ ಹೊಸದನ್ನು ಸೇರಿಸಿದರಾಯಿತು. ವರ್ಷಕ್ಕೆರಡು ಸಲ ಪ್ರತಿಯನ್ನು ತೆರೆದು ನೋಡುವ ಪದ್ಧತಿಯನ್ನೂ ಇಟ್ಟುಕೊಳ್ಳತಕ್ಕದ್ದು. ಅಲುಗಿಸಿ ಸದ್ದು ಕೇಳದೆ ಕಾಯಿಯೊಳಗೆ ಕೊಬ್ಬರಿಯಾಗಿದೆಯೆಂದು ಯಾವ ರೈತನೂ ನಂಬುವುದಿಲ್ಲ. ತೆರೆದು ನೋಡದ ಬ್ಯಾಕಪ್ಪನ್ನೂ ನಂಬಲಾಗದು.

ಪೆಟ್ಟಿಗೆ ಒಂದೇ ಇದ್ದರೆ ಅದರಲ್ಲಿ ಎರಡು ಕೆಲಸವನ್ನೂ ಧಾರಾಳವಾಗಿ ಮಾಡಿಸಬಹುದು. ಮತ್ತೆಲ್ಲಿಯೂ ಇಲ್ಲದ ವಸ್ತುವನ್ನು ಮಾತ್ರ ಅದೊಂದರ ವಶಕ್ಕೆ ಒಪ್ಪಿಸಿ ಮಲಗಬಾರದು. ತೆಂಗಿನ ಗಿಡ ಒಣಗಿದರೆ ಮತ್ತೊಂದು ಸಸಿ ನೆಟ್ಟು ಕೆಲವು ವರ್ಷ ಕಾಯಬಹುದು. ಅಜ್ಜಿಯ ಧ್ವನಿಗೆ ಸಸಿ ದೊರೆಯುವುದಿಲ್ಲ.