ದೇವರು ವರ ಕೊಟ್ಟರೂ ಫರ್ಮ್‌ವೇರ್ ಕೊಡ!

ಕ್ಯಾಮೆರಾ ಕಂಪನಿಯೊಂದು ಫರ್ಮ್‌ವೇರ್ ಅಪ್‌ಡೇಟ್ ಬಿಟ್ಟ ದಿನ ಫೋಟೋಗ್ರಾಫರ್‌ಗಳಲ್ಲಿ ಎರಡು ಪಂಗಡ ಹುಟ್ಟಿಕೊಳ್ಳುತ್ತವೆ. ಒಂದು ಕೈ ಮುಗಿಯುವವರದ್ದು. "ಆಹಾ, ಪುಕ್ಕಟೆ ಹೊಸ ಕ್ಯಾಮೆರಾ ಸಿಕ್ಕ ಹಾಗಾಯ್ತು, ಕಂಪನಿಗೆ ನಮ್ಮ ಮೇಲೆ ಎಷ್ಟು ಪ್ರೀತಿ ನೋಡಿ" ಅನ್ನುವವರು. ಇನ್ನೊಂದು ಬೈಯುವವರದ್ದು. "ಮೊದಲ ದಿನವೇ ಯಾಕೆ ಕೊಡಲಿಲ್ಲ? ಅರೆಬೆಂದ ಅನ್ನ ಬಡಿಸಿ ಪೂರ್ತಿ ದುಡ್ಡು ಕಿತ್ತುಕೊಂಡರು" ಅನ್ನುವವರು. ಡಿಜಿಟಲ್ ಕ್ಯಾಮೆರಾ ಬಂದಾಗಿನಿಂದ ಇದೇ ನಾಟಕ, ಇವೇ ಪಾತ್ರಗಳು. ಕ್ಯಾಮೆರಾದ ಹೆಸರು ಮಾತ್ರ ಬೇರೆ.

ನನಗೆ ಈ ಎರಡೂ ಪಂಗಡಗಳ ಮೇಲೆ ತಕರಾರಿದೆ. ನಾನು ಹೊಟ್ಟೆಪಾಡಿಗೆ ಮಾಡುವುದು ಸಾಫ್ಟ್‌ವೇರ್ ಕೆಲಸ, ಅದರಲ್ಲೂ ಸಣ್ಣ ಸಣ್ಣ ಯಂತ್ರಗಳ ಹೊಟ್ಟೆಯೊಳಗೆ ಕೂರುವ ಕೋಡ್ ಬರೆಯುವುದು. ವಾರಾಂತ್ಯ ಬಂದರೆ ಕ್ಯಾಮೆರಾ ಹೆಗಲಿಗೇರಿಸಿ ಹಕ್ಕಿಗಳ ಹಿಂದೆ. ಹೀಗಾಗಿ ಅಡುಗೆಮನೆಯೂ ಗೊತ್ತು, ಎಲೆ ಮುಂದೆ ಕೂತವನ ಹಸಿವೂ ಗೊತ್ತು. ಆ ಧೈರ್ಯದಿಂದಲೇ ಹೇಳುತ್ತಿದ್ದೇನೆ: ನಾವು ತಪ್ಪು ಕಾರಣಕ್ಕೆ ಖುಷಿಪಡುತ್ತೇವೆ, ತಪ್ಪು ಕಾರಣಕ್ಕೆ ಸಿಟ್ಟಾಗುತ್ತೇವೆ. ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ.

ಮೊದಲು ಫರ್ಮ್‌ವೇರ್ ಅಂದರೇನು ಅಂತ ಎರಡು ಮಾತು. ಕ್ಯಾಮೆರಾದಲ್ಲಿ ಲೆನ್ಸು, ಸೆನ್ಸರ್, ಪ್ರೊಸೆಸರ್, ಮೆಮೊರಿ ಎಲ್ಲ ಇರುತ್ತವೆ. ಆದರೆ ಅವು ತಾವಾಗಿಯೇ ಏನೂ ಮಾಡಲಾರವು. ಯಾವಾಗ ಯಾರು ಏನು ಮಾಡಬೇಕು ಅಂತ ಹೇಳುವ ಪ್ರೋಗ್ರಾಮು ಒಳಗೆ ಕೂತಿರುತ್ತದೆ. ಅದೇ ಫರ್ಮ್‌ವೇರ್. ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ. ಹಾರ್ಡ್‌ವೇರ್ ದೇವರಾದರೆ ಫರ್ಮ್‌ವೇರ್ ಪೂಜಾರಿ. ಗರ್ಭಗುಡಿಯೊಳಗೆ ಏನೇ ಇರಲಿ, ಹೊರಗೆ ನಿಂತ ನಿಮ್ಮ ಕೈಗೆ ಬರುವುದು ಪೂಜಾರಿ ಕೊಟ್ಟಷ್ಟೇ.

ಈಗ ಒಂದು ನಿಜವಾದ ಉದಾಹರಣೆ. ಕ್ಯಾನನ್ ಕಂಪನಿಯ 7ಡಿ ಕ್ಯಾಮೆರಾ ಬಂದದ್ದು 2009ರ ಸೆಪ್ಟೆಂಬರ್‌ನಲ್ಲಿ. 18 ಮೆಗಾಪಿಕ್ಸೆಲ್, ಸೆಕೆಂಡಿಗೆ 8 ಫೋಟೋ. ಹಕ್ಕಿ ಹಿಡಿಯುವವರಿಗೆ, ಅಂದರೆ ಕ್ಯಾಮೆರಾದಲ್ಲಿ ಹಿಡಿಯುವವರಿಗೆ, ಹೇಳಿ ಮಾಡಿಸಿದ ಯಂತ್ರ. ಮೂರು ವರ್ಷವಾಗುತ್ತಾ ಬಂತು, ಇನ್ನೇನು ಇದರ ಮುಂದಿನ ಮಾಡೆಲ್ ಬರಬೇಕು ಅಂತ ಎಲ್ಲರೂ ಕಾಯುತ್ತಿದ್ದಾಗ, 2012ರ ಆಗಸ್ಟ್‌ನಲ್ಲಿ ಹೊಸ ಕ್ಯಾಮೆರಾ ಬದಲು ಬಂದದ್ದು ಒಂದು ಫೈಲು: ಫರ್ಮ್‌ವೇರ್ ಆವೃತ್ತಿ 2. (ಕ್ಯಾನನ್‌ನ ಫರ್ಮ್‌ವೇರ್ ಫೈಲಿನ ಹೆಸರಿನ ಬಾಲ ಎಫ್‌ಐಆರ್! ಪೊಲೀಸ್ ಸ್ಟೇಷನ್ನಿಗೂ ಅದಕ್ಕೂ ಸಂಬಂಧವಿಲ್ಲ.)

ಆ ಫೈಲಿನಲ್ಲಿ ಏನಿತ್ತು? ಒಂದೇ ಉಸಿರಿಗೆ ತೆಗೆಯಬಹುದಾದ ರಾ ಫೋಟೋಗಳು ಮೊದಲು 15 ಇದ್ದದ್ದು 25 ಆಯಿತು. ರಾ ಜೊತೆ ಜೆಪೆಗ್ ಕೂಡ ಬೇಕೆಂದರೆ 6 ಇದ್ದದ್ದು 17. ಆಟೋ ಐಎಸ್‌ಒ ಎಲ್ಲಿಯವರೆಗೆ ಏರಬಹುದು ಅಂತ ಮಿತಿ ಹಾಕುವ ಸೌಲಭ್ಯ. ವೀಡಿಯೋ ತೆಗೆಯುವಾಗ ಧ್ವನಿಯ ಮಟ್ಟವನ್ನು ಕೈಯಾರೆ ಹೊಂದಿಸುವ ಅವಕಾಶ. ಕ್ಯಾಮೆರಾದೊಳಗೇ ರಾ ಫೈಲನ್ನು ಜೆಪೆಗ್ ಮಾಡಿಕೊಳ್ಳುವ ವ್ಯವಸ್ಥೆ. ಹೊಸ ಜಿಪಿಎಸ್ ಸಾಧನಕ್ಕೆ ಬೆಂಬಲ. ಇಷ್ಟಕ್ಕೂ ಒಂದು ಪೈಸೆ ಇಲ್ಲ.

15ಕ್ಕೂ 25ಕ್ಕೂ ಏನು ಮಹಾ ವ್ಯತ್ಯಾಸ ಅಂತೀರಾ? ಲೆಕ್ಕ ಹಾಕಿ. ಸೆಕೆಂಡಿಗೆ 8ರ ವೇಗದಲ್ಲಿ 15 ಫೋಟೋ ಅಂದರೆ ಎರಡು ಸೆಕೆಂಡೂ ಪೂರ್ತಿ ಇಲ್ಲ. 25 ಅಂದರೆ ಮೂರು ಸೆಕೆಂಡಿಗೂ ಸ್ವಲ್ಪ ಹೆಚ್ಚು. ರಂಗನತಿಟ್ಟಿನಲ್ಲಿ ದೋಣಿಯಲ್ಲಿ ಕೂತು, ಮಿಂಚುಳ್ಳಿ ನೀರಿಗೆ ಬಿದ್ದು ಮೀನು ಕಚ್ಚಿಕೊಂಡು ಮೇಲೇಳುವುದನ್ನು ಹಿಡಿಯಲು ಹೊರಟವನಿಗೆ ಆ ಒಂದು ಸೆಕೆಂಡೇ ಸರ್ವಸ್ವ. ಹಕ್ಕಿ ನೀರಿಂದ ಮೇಲೆ ಬರುವ ಹೊತ್ತಿಗೆ ಸರಿಯಾಗಿ ಬಫರ್ ತುಂಬಿ ಕ್ಯಾಮೆರಾ ಏದುಸಿರು ಬಿಡುತ್ತಾ ನಿಂತರೆ ಹೇಗಿರುತ್ತದೆ ಅಂತ ಅನುಭವಿಸಿದವರಿಗೇ ಗೊತ್ತು.

ಪ್ರತಿಕ್ರಿಯೆಗಳು ಎಂದಿನಂತೆಯೇ ಬಂದವು. ಕೈ ಮುಗಿಯುವವರು ಮುಗಿದರು. ಬೈಯುವವರು "ಮೂರು ವರ್ಷ ಎಲ್ಲಿ ಮಲಗಿದ್ದಿರಿ?" ಅಂದರು. ಇನ್ನು ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ "ಹೊಸ ಮಾಡೆಲ್ ಸದ್ಯಕ್ಕಿಲ್ಲ ಅಂತಾಯ್ತು, ಬಾಯಿಗೆ ಬೆಲ್ಲ ಹಾಕಿ ಸುಮ್ಮನಿರಿಸುತ್ತಿದ್ದಾರೆ" ಅಂದರು. ಈ ಮೂರನೆಯವರ ಊಹೆ ಸುಳ್ಳಾಗಲಿಲ್ಲ. 7ಡಿ ಮಾರ್ಕ್ 2 ಬಂದದ್ದು ಇನ್ನೂ ಎರಡು ವರ್ಷದ ನಂತರ, 2014ರ ಸೆಪ್ಟೆಂಬರ್‌ನಲ್ಲಿ.

ಬೈಯುವವರಿಗೆ ಮೊದಲು ಉತ್ತರ ಕೊಡುತ್ತೇನೆ. ಅಲ್ಲಾ ಸ್ವಾಮಿ, ಸಾಫ್ಟ್‌ವೇರ್ ಅನ್ನುವುದು ಯಾವತ್ತಾದರೂ "ಮುಗಿದದ್ದು" ಉಂಟೇ? ಬಿಡುಗಡೆಯ ದಿನಾಂಕ ಬಂದಾಗ ಕೈಲಿದ್ದದ್ದನ್ನು ಕೊಡುತ್ತೇವೆ, ಅಷ್ಟೇ. ಮೂರು ವರ್ಷ ಜನ ಬಳಸಿದ ಮೇಲೆ ಎಲ್ಲಿ ಬಿಗಿಯಾಗಿದೆ, ಎಲ್ಲಿ ಸಡಿಲವಾಗಿದೆ ಅಂತ ತಿಳಿಯುತ್ತದೆ. ಹಳೆಯ ಯಂತ್ರದ ಕೋಡನ್ನು ಮತ್ತೆ ತೆರೆದು, ಮೆಮೊರಿ ಹಂಚಿಕೆಗೆ ಕೈ ಹಾಕಿ, ಏನೂ ಕೆಡದಂತೆ ಮತ್ತೆ ಪರೀಕ್ಷೆ ಮಾಡುವುದು ಎಷ್ಟು ತಲೆನೋವಿನ ಕೆಲಸ ಅಂತ ನನ್ನಂಥವರನ್ನು ಕೇಳಿ. ನನ್ನ ಕೈಲಿರುವುದೂ ಸೆಕೆಂಡ್ ಹ್ಯಾಂಡ್ 7ಡಿಯೇ. ಅದು 25ರವರೆಗೆ ಓಡುವುದು ಯಾವನೋ ಹೆಸರು ಗೊತ್ತಿಲ್ಲದ ಎಂಜಿನಿಯರ್‌ನ ದಯೆಯಿಂದ. ಆತನಿಗೆ ನನ್ನದೂ ಒಂದು ನಮಸ್ಕಾರ.

ಆದರೆ ಕೈ ಮುಗಿಯುವವರೇ, ನೀವು ನಮಸ್ಕಾರ ಹಾಕುತ್ತಿರುವುದು ಎಂಜಿನಿಯರ್‌ಗೆ ಅಲ್ಲ, ಕಂಪನಿಯ ಔದಾರ್ಯಕ್ಕೆ. ಅಲ್ಲೇ ನನ್ನ ತಕರಾರು. ಫೈಲ್ ಡೌನ್‌ಲೋಡ್ ಮಾಡಿದರೆ ಕ್ಯಾಮೆರಾದೊಳಗೆ ಹೊಸ ಮೆಮೊರಿ ಚಿಪ್ ಬಂದು ಕೂರುವುದಿಲ್ಲ. 25 ಫೋಟೋ ಹಿಡಿಸುವಷ್ಟು ಜಾಗ 2009ರಲ್ಲಿ ನೀವು ದುಡ್ಡು ಎಣಿಸಿದ ದಿನವೇ ಆ ಪೆಟ್ಟಿಗೆಯಲ್ಲಿತ್ತು. ಪೂಜಾರಿ ಕೊಟ್ಟದ್ದು ನೀವೇ ಹರಕೆ ಸಲ್ಲಿಸಿ ಪಡೆದ ವರವನ್ನು. ಅದನ್ನು ಭಿಕ್ಷೆ ಅಂದುಕೊಂಡು ಕಣ್ಣಿಗೊತ್ತಿಕೊಳ್ಳಬೇಕಾಗಿಲ್ಲ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಯಾವುದು? ಬಹಳ ಸರಳ: ಈ ಅಪ್‌ಡೇಟ್‌ನಲ್ಲಿ ಬಂದದ್ದು ರಿಪೇರಿಯೋ, ಹೊಸ ಕೆಲಸವೋ, ಇಲ್ಲಾ ಬೀಗ ತೆಗೆದದ್ದೋ? ಮೂರಕ್ಕೂ ಒಂದೇ ಚಪ್ಪಾಳೆ, ಒಂದೇ ಬೈಗುಳ ಆದರೆ ನಾವು ಯೋಚನೆ ಮಾಡುತ್ತಿಲ್ಲ ಅಂತ ಅರ್ಥ.

ರಿಪೇರಿಗೆ ಉದಾಹರಣೆ ಕ್ಯಾನನ್ 5ಡಿ ಮಾರ್ಕ್ 2. 2008ರ ಕೊನೆಗೆ ಮಾರುಕಟ್ಟೆಗೆ ಬಂತು. ರಾತ್ರಿಯ ಚಿತ್ರಗಳಲ್ಲಿ ಬೆಳಕಿನ ಚುಕ್ಕೆಗಳ ಪಕ್ಕ ಕಪ್ಪು ಚುಕ್ಕೆಗಳು ಕಾಣಿಸಿಕೊಂಡವು. 2009ರ ಜನವರಿಯಲ್ಲಿ ಫರ್ಮ್‌ವೇರ್ ಬಂದು ಅದನ್ನು ಸರಿಪಡಿಸಿತು. ಒಳ್ಳೆಯದೇ. ಆದರೆ ಇದಕ್ಕೆ ಹಾರ ಹಾಕಬೇಕಾಗಿಲ್ಲ. ಹೊಸ ಚಪ್ಪಲಿಯ ಉಂಗುಷ್ಟ ಕಿತ್ತರೆ ಅಂಗಡಿಯವನು ಹೊಲಿಸಿಕೊಡುವುದು ಉಪಕಾರವಲ್ಲ, ವ್ಯಾಪಾರದ ಧರ್ಮ.

ಹೊಸ ಕೆಲಸಕ್ಕೆ ಉದಾಹರಣೆ ಫ್ಯೂಜಿಫಿಲ್ಮ್ ಎಕ್ಸ್-ಟಿ1. 2014ರ ಕ್ಯಾಮೆರಾ. 2015ರ ಜೂನ್‌ನಲ್ಲಿ ಬಂದ ಫರ್ಮ್‌ವೇರ್ 4 ಅದರ ಆಟೋಫೋಕಸ್ ವ್ಯವಸ್ಥೆಯನ್ನೇ ಬದಲಿಸಿತು. ಓಡಾಡುವ ವಸ್ತುವನ್ನು ಹಿಂಬಾಲಿಸುವ ಹೊಸ ವಿಧಾನಗಳು ಬಂದವು. ಅದೂ ಪುಕ್ಕಟೆ. ಇಲ್ಲಿ ಯಾರೋ ಕೂತು ತಿಂಗಳುಗಟ್ಟಲೆ ಬರೆದಿದ್ದಾರೆ. ಇಂಥದ್ದಕ್ಕೆ ಧಾರಾಳವಾಗಿ ಚಪ್ಪಾಳೆ ತಟ್ಟಿ, ನಾನೂ ತಟ್ಟುತ್ತೇನೆ. ಇಂಥ ಕೆಲಸಕ್ಕೆ ಕಂಪನಿ ದುಡ್ಡು ಕೇಳಿದರೂ ನನಗೆ ಬೇಸರವಿಲ್ಲ. ಕೋಡ್ ಬರೆದು ಅನ್ನ ತಿನ್ನುವವನು ಕೋಡ್ ಪುಕ್ಕಟೆ ಕೊಡಿ ಅಂತ ಯಾವ ಬಾಯಲ್ಲಿ ಕೇಳಲಿ?

ಇನ್ನು ಬೀಗ. ಇದಕ್ಕೆ ಹಳೆಯ ಉದಾಹರಣೆ 2003ರ ಕ್ಯಾನನ್ 300ಡಿ. ಸಾವಿರ ಡಾಲರ್‌ಗಿಂತ ಕಡಿಮೆಗೆ ಬಂದ ಡಿಎಸ್‌ಎಲ್‌ಆರ್ ಅಂತ ಜಗತ್ತೇ ಮುಗಿಬಿದ್ದಿತ್ತು. ಅದೇ ವರ್ಷದ ದುಬಾರಿ ಅಣ್ಣ 10ಡಿಯಲ್ಲಿ ಇದ್ದ ಕೆಲವು ಸೌಲಭ್ಯಗಳು ಈ ತಮ್ಮನಲ್ಲಿ ಇರಲಿಲ್ಲ. ಕಂಪನಿಗೆ ಸಂಬಂಧವಿಲ್ಲದ ಹವ್ಯಾಸಿಗಳು ತಿದ್ದಿದ ಫರ್ಮ್‌ವೇರ್ ಹಾಕಿ ನೋಡಿದರೆ ಫ್ಲ್ಯಾಶ್‌ನ ಬೆಳಕು ಹೆಚ್ಚುಕಡಿಮೆ ಮಾಡುವುದು, ಐಎಸ್‌ಒ 3200, ಕನ್ನಡಿಯನ್ನು ಮೊದಲೇ ಎತ್ತಿಡುವುದು, ಎಲ್ಲ ಕೆಲಸ ಮಾಡತೊಡಗಿದವು! ಇಲ್ಲದ್ದು ಎಲ್ಲಿಂದ ಬಂತು? ಇತ್ತು. ಬೀಗ ಹಾಕಿತ್ತು.

"ಹಾಗೆ ಬೀಗ ಹಾಕಿದ್ದಕ್ಕೇ ಅಲ್ವೇನ್ರೀ ನಿಮಗೆ ಅಗ್ಗಕ್ಕೆ ಸಿಕ್ಕಿದ್ದು?" ಅಂತ ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ, ತಳ್ಳಿಹಾಕುವಂಥದ್ದಲ್ಲ. ಒಂದೇ ಸಾಮಾನಿನಿಂದ ಎರಡು ಮಾಡೆಲ್ ಮಾಡಿ, ಒಂದನ್ನು ಕಟ್ಟಿಹಾಕಿ ಅಗ್ಗಕ್ಕೆ ಮಾರುವುದು ವ್ಯಾಪಾರದ ಹಳೆಯ ಉಪಾಯ, ಅದರಿಂದ ಬಡಪಾಯಿಗೂ ಲಾಭವಿದೆ. ಕೊಳ್ಳುವಾಗಲೇ "ಇದರಲ್ಲಿ ಇದು ಇಲ್ಲ" ಅಂತ ಗೊತ್ತಿದ್ದು ಕೊಂಡರೆ ಮೋಸವೂ ಇಲ್ಲ. ಆದರೆ ನಾಳೆ ಅದೇ ಬೀಗ ತೆಗೆದು "ನಿಮಗೊಂದು ಉಡುಗೊರೆ" ಅಂದರೆ ನಾನು ನಗುತ್ತೇನೆ. ಅದೇ ಬೀಗದ ಕೈಯನ್ನು ನನಗೇ ಮಾರಲು ಬಂದರೆ ನಗುವುದಿಲ್ಲ.

ಆ ಕಾಲವೂ ಬಂದಾಗಿದೆ. 2015ರಲ್ಲಿ ಪ್ಯಾನಸಾನಿಕ್ ಜಿಎಚ್4 ಕ್ಯಾಮೆರಾದ ವಿ-ಲಾಗ್ ವೀಡಿಯೋ ಸೌಲಭ್ಯಕ್ಕೆ 99 ಡಾಲರ್ ಇಟ್ಟಿತು. ಅದಾದರೂ ಸರಿ, ಹೊಸ ಕೆಲಸ, ಬೇಕಾದವರು ಕೊಂಡರು ಅನ್ನೋಣ. 2024ರಲ್ಲಿ ಸೋನಿಯವರ ಸರದಿ. ಪರದೆಯ ಮೇಲೆ ನಮಗೆ ಬೇಕಾದ ಹಾಗೆ ಗೆರೆಗಳನ್ನು ಹಾಕಿಕೊಳ್ಳುವ ಲೈಸೆನ್ಸಿಗೆ 149 ಡಾಲರ್! ಸಾಲಾಗಿ ನೂರಾರು ಮಕ್ಕಳ ಫೋಟೋ ಒಂದೇ ಅಳತೆಯಲ್ಲಿ ತೆಗೆಯಬೇಕಾದ ಸ್ಟುಡಿಯೋದವರಿಗೆ ಅದು ಉಪಯೋಗದ್ದೇ, ಒಪ್ಪುತ್ತೇನೆ. ಆದರೆ ಬೇರೆ ಗೆರೆಗಳನ್ನು ಆ ಪರದೆ ಮೊದಲಿಂದಲೂ ಎಳೆಯುತ್ತಲೇ ಇದೆಯಲ್ಲ ಸ್ವಾಮಿ? ಇಷ್ಟು ಸಾವಿರ ಡಾಲರ್ ಸುರಿದು ಕೊಂಡ ಯಂತ್ರದ ಪರದೆ ಮೇಲೆ ನಾಲ್ಕು ಗೆರೆ ಎಳೆಯಲು ಕಂದಾಯ ಕಟ್ಟಬೇಕೆ? ಆಗ ಜನ ಬೈದರು ನೋಡಿ, ಆ ಬೈಗುಳಕ್ಕೆ ಮಾತ್ರ ನನ್ನ ಪೂರ್ತಿ ಬೆಂಬಲ.

ಇನ್ನೊಂದು ಕಾಯಿಲೆ ಇದೆ: ಏನು ಬದಲಾಯಿತು ಅಂತ ಬಿಡಿಸಿ ಹೇಳದಿರುವುದು. ಅಪ್‌ಡೇಟ್ ಜೊತೆ ಬರುವ ವಿವರ ಓದಿದ್ದೀರಾ? "ಕ್ಯಾಮೆರಾದ ಒಟ್ಟಾರೆ ಸ್ಥಿರತೆ ಸುಧಾರಿಸಲಾಗಿದೆ." ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಇದರ ಫಲ ಏನು ಅಂತ 2020ರಲ್ಲಿ ಕಂಡೆವು. ಜುಲೈನಲ್ಲಿ ಘೋಷಣೆಯಾದ ಕ್ಯಾನನ್ ಆರ್5, 8ಕೆ ವೀಡಿಯೋ ತೆಗೆಯುವಾಗ ಬಿಸಿಯಾಗಿ ನಿಂತುಬಿಡುತ್ತದೆ ಅಂತ ಗಲಾಟೆಯಾಯಿತು. ಆಗಸ್ಟ್ ಕೊನೆಗೆ ಫರ್ಮ್‌ವೇರ್ 1.1 ಬಂತು, ರೆಕಾರ್ಡಿಂಗ್ ಸಮಯ ಸುಧಾರಿಸಿತು. ಜನ ಸಮಾಧಾನವಾಗಬೇಕಿತ್ತು ತಾನೆ? ಆಗಲಿಲ್ಲ. "ಅಂದರೆ ಅದು ನಿಜವಾದ ಬಿಸಿಯೋ, ಕೋಡಿನಲ್ಲಿ ಬರೆದ ಗಡಿಯಾರವೋ?" ಅಂತ ಅನುಮಾನ ಇನ್ನೂ ಜೋರಾಯಿತು. ಬಿಸಿಯ ಅಂದಾಜು ಮಾಡಲು ಎಂಜಿನಿಯರ್‌ಗಳು ಎಚ್ಚರಿಕೆಯ ಮಿತಿ ಇಡುವುದು, ಅಳೆದು ನೋಡಿದ ಮೇಲೆ ಅದನ್ನು ಸಡಿಲಿಸುವುದು ನಮ್ಮ ಕಸುಬಿನಲ್ಲಿ ದಿನನಿತ್ಯದ ಮಾತು. ಆದರೆ ಮುಚ್ಚಿದ ಪೆಟ್ಟಿಗೆಯ ಹೊರಗೆ ನಿಂತವನಿಗೆ ಸಾಮಾನ್ಯ ಎಚ್ಚರಿಕೆಗೂ ಬೇಕೆಂದೇ ಹಾಕಿದ ಬೀಗಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ?

ಇದೆಲ್ಲ ಶೋಕಿಗಾಗಿ ಕ್ಯಾಮೆರಾ ಹಿಡಿದವರ ಜಗಳ ಅಂತ ತಳ್ಳಿಹಾಕಬೇಡಿ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಸಾಲ ಮಾಡಿ ಕ್ಯಾಮೆರಾ ಕೊಂಡು ಮದುವೆ, ನಾಮಕರಣ, ಗೃಹಪ್ರವೇಶ ಅಂತ ದುಡಿಯುವ ಹುಡುಗರಿದ್ದಾರೆ. ಅವರಿಗೆ ಕ್ಯಾಮೆರಾ ಅಂದರೆ ರೈತನಿಗೆ ಎತ್ತು ಇದ್ದ ಹಾಗೆ. ಸಾಲ ತೀರಿದ ಮೇಲೂ ಅದು ವರ್ಷಗಟ್ಟಲೆ ದುಡಿಯಬೇಕು. ಅಪ್‌ಡೇಟ್ ಹಾಕಿದ ಮೇಲೆ ಬೇರೆ ಕಂಪನಿಯ ಅಗ್ಗದ ಬ್ಯಾಟರಿಯನ್ನು ಕ್ಯಾಮೆರಾ ಒಪ್ಪದೆ ಹೋದರೆ, ಮಾಂಗಲ್ಯಧಾರಣೆಯ ಹೊತ್ತಿಗೆ "ಹಳೆಯ ಫರ್ಮ್‌ವೇರ್‌ಗೇ ವಾಪಸ್ ಹೋಗೋಣ" ಅಂತ ಅವನು ಯಾರನ್ನು ಕೇಳಬೇಕು?

ಆದ್ದರಿಂದ ನನ್ನ ಬೇಡಿಕೆ ನಾಲ್ಕೇ. ಒಂದು, ಏನು ತಿದ್ದಿದಿರಿ, ಏನು ಸೇರಿಸಿದಿರಿ, ಏನು ಕಿತ್ತುಹಾಕಿದಿರಿ ಅಂತ ಬಿಡಿಸಿ ಬರೆಯಿರಿ. ಎರಡು, ಬೇಡವೆಂದವನಿಗೆ ಹಳೆಯ ಆವೃತ್ತಿಗೆ ಹೋಗುವ ದಾರಿ ಬಿಡಿ. ಮೂರು, ಈ ಕ್ಯಾಮೆರಾಕ್ಕೆ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೀರಿ ಅಂತ ಮಾರುವ ದಿನವೇ ಹೇಳಿ. ನಾಲ್ಕು, ಹೊಸ ಕೆಲಸಕ್ಕೆ ದುಡ್ಡು ಕೇಳಿ ಕೊಡುತ್ತೇವೆ, ನಾವೇ ಕೊಂಡ ಮನೆಯ ಬೀಗದ ಕೈಗೆ ಕೇಳಬೇಡಿ.

ಕಂಪನಿಗಳು ನನ್ನ ಮಾತು ಕೇಳುತ್ತವೆ ಅನ್ನುವ ಭ್ರಮೆ ನನಗಿಲ್ಲ. ಆದರೆ ಗಿರಾಕಿಗಳು ಏನನ್ನು ಮೆಚ್ಚುತ್ತಾರೆ, ಏನಕ್ಕೆ ಸಿಟ್ಟಾಗುತ್ತಾರೆ ಅಂತ ಅವು ಚೆನ್ನಾಗಿಯೇ ಲೆಕ್ಕ ಇಡುತ್ತವೆ. ಎಲ್ಲದಕ್ಕೂ ಕೈ ಮುಗಿದರೆ ಬೀಗ ತೆಗೆಯುವುದೇ ದೊಡ್ಡ ಸೇವೆ ಅನ್ನಿಸಿಕೊಳ್ಳುತ್ತದೆ. ಎಲ್ಲದಕ್ಕೂ ಬೈದರೆ ಮೂರು ವರ್ಷದ ಹಳೆಯ ಕ್ಯಾಮೆರಾವನ್ನು ಮತ್ತೆ ಮುಟ್ಟುವ ಉಸಾಬರಿಗೆ ಯಾವ ಎಂಜಿನಿಯರನ್ನೂ ಬಿಡುವುದಿಲ್ಲ. ಮುಂದಿನ ಸಲ ಅಪ್‌ಡೇಟ್ ಬಂದಾಗ ಒಂದು ನಿಮಿಷ ನಿಂತು ಕೇಳಿ: ರಿಪೇರಿಯೋ, ಹೊಸ ಕೆಲಸವೋ, ಬೀಗವೋ? ಆಮೇಲೆ ಕೈ ಮುಗಿಯುವುದೋ ಬೈಯುವುದೋ ನಿಮ್ಮಿಷ್ಟ.

ಅಂದ ಹಾಗೆ, ಅಪ್‌ಡೇಟ್ ಹಾಕುವ ಮೊದಲು ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಕೊಳ್ಳಿ. ಅರ್ಧದಲ್ಲಿ ಬ್ಯಾಟರಿ ಕೈಕೊಟ್ಟರೆ ಪೂಜಾರಿಯೂ ಇಲ್ಲ, ದೇವರೂ ಇಲ್ಲ :-)

ಏನಂತೀರಿ?