ಅಲ್ಪವ್ಯಯದಲ್ಲಿ ಸುತ್ತುದನಿ

ಗೃಹಕೃತ್ಯಕ್ಕೆ ಮೀಸಲಾದ ಈ ಪುಟಗಳಲ್ಲಿ ನಾವು ಈ ತಿಂಗಳು ಕಿವಿಗೆ ಸಂಬಂಧಪಟ್ಟ ವಿಷಯವನ್ನು ಎತ್ತಿಕೊಂಡಿರುವೆವು. ಮನೆಯಲ್ಲಿಯೇ ಕುಳಿತು ಚಿತ್ರವನ್ನು ನೋಡುವಾಗ ಮಳೆಯು ನಮ್ಮ ಸುತ್ತಲೂ ಸುರಿದಂತೆಯೂ, ಜಾತ್ರೆಯ ಹಲಗೆಯು ಬೆನ್ನ ಹಿಂದೆ ನುಡಿದಂತೆಯೂ ಕೇಳಿಸುವ ಏರ್ಪಾಡಿಗೆ ಪೇಟೆಯಲ್ಲಿ ‘ಸರೌಂಡ್ ಸೌಂಡ್’ ಎಂದು ಹೆಸರು. ನಾವು ಅದನ್ನು ಸುತ್ತುದನಿ ಎಂದು ಕರೆಯೋಣ. ಇದು ಸಿರಿವಂತರ ವಿಲಾಸವೆಂದು ಭಾವಿಸಿ ಅನೇಕರು ಆಸೆಯನ್ನೇ ಬಿಡುವರು. ಇನ್ನು ಕೆಲವರು ಹಬ್ಬದ ಸಮಯದಲ್ಲಿ ಐದಾರು ಪೆಟ್ಟಿಗೆಗಳ ಕಟ್ಟೊಂದನ್ನು ಕಂತಿನ ಮೇಲೆ ತಂದು, ಪಡಸಾಲೆಯ ಮೂಲೆಮೂಲೆಗೂ ತೂಗುಹಾಕಿ, ಎರಡು ತಿಂಗಳಲ್ಲಿ ಬೇಸತ್ತು ಅದರ ಮೇಲೆ ಬಟ್ಟೆ ಮುಚ್ಚುವರು. ಕಂತು ಮಾತ್ರ ವರ್ಷವಿಡೀ ನಡೆಯುತ್ತಿರುವುದು. ಈ ಎರಡು ದಾರಿಗಳ ನಡುವೆ ಮೂರನೆಯದೊಂದು ಉಂಟು. ಅದನ್ನು ತೋರಿಸುವುದೇ ನಮ್ಮ ಉದ್ದೇಶ.

ಸಗರನಾಡಿನ ಶಹಾಪುರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮಲಗಿದ ಬುದ್ಧನಂತೆ ತೋರುವ ಬೆಟ್ಟಸಾಲಿನ ಮಗ್ಗುಲಿಗಿರುವ ಈ ಊರಿನ ಸುತ್ತ ಹತ್ತಿ, ತೊಗರಿ, ಕಾಲುವೆಯ ನೀರಿನ ಭತ್ತ ಇವೇ ಜೀವನಾಧಾರ. ಧಾರಣೆ ಬಿದ್ದ ವರ್ಷ ಮನೆಯ ಖರ್ಚನ್ನು ಬಿಗಿಹಿಡಿಯಲೇಬೇಕು. ಇಂಥ ಊರಿನ ಹೊಸ ಮನೆಗಳ ಪಡಸಾಲೆ ಹೇಗಿರುವುದೆಂಬುದನ್ನು ನೆನೆಯಿರಿ: ಕೆಳಗೆ ಶಹಾಬಾದಿ ಹಾಸುಗಲ್ಲು, ನಾಲ್ಕು ಕಡೆಗೂ ಸಿಮೆಂಟಿನ ಗಿಲಾವು, ಮೇಲೆ ಕಾಂಕ್ರೀಟಿನ ಛಾವಣಿ. ಬೇಸಗೆಯಲ್ಲಿ ಕಾಲಿಗೆ ತಂಪು, ಸಾರಿಸಲು ಸುಲಭ, ಹೌದು. ಆದರೆ ಧ್ವನಿಗೆ ಇದರಂಥ ಶತ್ರುವಿಲ್ಲ. ಆಡಿದ ಮಾತು ಕಲ್ಲಿಗೆ ಬಡಿದು, ಗೋಡೆಗೆ ಬಡಿದು, ಛಾವಣಿಗೆ ಬಡಿದು, ಮುಂದಿನ ಮಾತಿನ ಮೇಲೆ ಬಂದು ಬೀಳುವುದು. ಚಿತ್ರದಲ್ಲಿ ‘ಹತ್ತಿ’ ಎಂದುದು ಮನೆಯ ಹಿರಿಯರಿಗೆ ‘ಹಕ್ಕಿ’ ಎಂದು ಕೇಳಿಸುವುದು. ಅವರು “ಏನಂದ?” ಎಂದು ಕೇಳುವರು, ಮೊಮ್ಮಕ್ಕಳು ಧ್ವನಿಯನ್ನು ಏರಿಸುವರು, ಏರಿಸಿದಷ್ಟೂ ಮರುದನಿಯೂ ಏರುವುದು. ಕಡೆಗೆ ಹಿರಿಯರು ಎದ್ದು ಹೊರಗಿನ ಕಟ್ಟೆಗೆ ಹೋಗಿ ಕೂಡುವರು. ಮನೆಮಂದಿಯನ್ನು ಒಂದೆಡೆ ಕೂಡಿಸಲೆಂದು ತಂದ ಯಂತ್ರವು ಹೀಗೆ ಒಬ್ಬರನ್ನು ಹೊರಗಟ್ಟಿತಲ್ಲವೆ?

ವಯಸ್ಸಾದಂತೆ ಕಿವಿಯು ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ತ, ಕ, ಪ, ಸ, ಶ ಮೊದಲಾದ ವ್ಯಂಜನಗಳ ಗುರುತು ಇರುವುದು ಬಹುಮಟ್ಟಿಗೆ ಆ ಎತ್ತರದಲ್ಲಿಯೇ. ಸ್ವರಾಕ್ಷರಗಳ ಗದ್ದಲವು ಚೆನ್ನಾಗಿ ಕೇಳಿಸುವುದು, ವ್ಯಂಜನಗಳು ಅಳಿಸಿಹೋಗುವುವು. ಆದುದರಿಂದ ಅವರಿಗೆ ಬೇಕಾದುದು ಹೆಚ್ಚಿನ ಸದ್ದಲ್ಲ, ನಿಚ್ಚಳವಾದ ಸದ್ದು. ಸುತ್ತುದನಿಯನ್ನು ಕಟ್ಟಹೊರಟ ಗೃಹಸ್ಥನು ಈ ಮಾತನ್ನು ಮೊದಲು ಮನಸ್ಸಿನಲ್ಲಿಡತಕ್ಕದ್ದು.

ಮರುದನಿಯ ಮಹಿಮೆಯನ್ನು ಈ ಸೀಮೆಯವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ವಿಜಾಪುರದ ಗೋಲಗುಮ್ಮಟದಲ್ಲಿ ಚಪ್ಪಾಳೆ ತಟ್ಟಿ ನಲಿಯದವರಾರು? ಅಲ್ಲಿ ಒಂದು ಸದ್ದು ಮತ್ತೆ ಮತ್ತೆ ಮರಳುವುದು ಸೊಗಸು. ಆದರೆ ಅದೇ ಗುಮ್ಮಟದಲ್ಲಿ ನಿಂತು ಒಂದು ಹರಿಕಥೆಯನ್ನು ಕೇಳಬಲ್ಲೆವೆ? ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಕಟ್ಟಿಸಿದ ಉಪನ್ಯಾಸಮಂದಿರವೊಂದು ಹೀಗೆಯೇ ನಿರುಪಯೋಗವಾಗಿತ್ತು. ಆಡಿದ ಮಾತು ಅಲ್ಲಿ ಐದೂವರೆ ಸೆಕೆಂಡುಗಳವರೆಗೆ ಗುಂಯ್‌ಗುಡುತ್ತಿತ್ತು. 1895ರಲ್ಲಿ ವ್ಯಾಲೆಸ್ ಸ್ಯಾಬಿನ್ ಎಂಬ ತರುಣ ಅಧ್ಯಾಪಕನಿಗೆ ಇದನ್ನು ಸರಿಪಡಿಸುವ ಕೆಲಸವು ಬಂದಿತು. ಆತನು ರಾತ್ರಿಯ ವೇಳೆ ಸಮೀಪದ ರಂಗಮಂದಿರದಿಂದ ಆಸನಗಳ ಮೆತ್ತೆಗಳನ್ನು ಹೊರಿಸಿ ತಂದು, ಎಷ್ಟು ಮೆತ್ತೆಗಳನ್ನಿಟ್ಟರೆ ಮರುದನಿಯು ಎಷ್ಟು ತಗ್ಗುವುದೆಂದು ಅಳೆದು, ಬೆಳಗಾಗುವುದರೊಳಗೆ ಅವನ್ನು ಹಿಂದಿರುಗಿಸುತ್ತಿದ್ದನು. ಧ್ವನಿಶಾಸ್ತ್ರದ ಒಂದು ಮುಖ್ಯ ಸೂತ್ರವು ಈ ಮೆತ್ತೆಗಳಿಂದ ಹುಟ್ಟಿತು.

ಆ ಸೂತ್ರದಂತೆ ನಮ್ಮ ಪಡಸಾಲೆಯ ಲೆಕ್ಕವನ್ನು ಮಾಡಿನೋಡೋಣ. ಉದ್ದ 12 ಅಡಿ, ಅಗಲ 10 ಅಡಿ, ಎತ್ತರ 10 ಅಡಿಯ ಬರಿದಾದ ಕೋಣೆ, ಬಾಗಿಲು ಮುಚ್ಚಿದೆ, ಕಲ್ಲು ಮತ್ತು ಗಿಲಾವು ತಮ್ಮ ಮೇಲೆ ಬಿದ್ದ ಧ್ವನಿಯಲ್ಲಿ ನೂರಕ್ಕೆ ಮೂರು ಪಾಲನ್ನು ಹೀರುವುವೆಂದು ಇಟ್ಟುಕೊಳ್ಳಿರಿ. ಮರುದನಿಯು ಅಡಗಲು ಹೆಚ್ಚುಕಡಿಮೆ ಮೂರು ಸೆಕೆಂಡು ಬೇಕು. ಇದೇ ಕೋಣೆಯಲ್ಲಿ 6 ಅಡಿಗೆ 7 ಅಡಿಯ ಮೂರು ದಪ್ಪನೆಯ ಕೌದಿಗಳನ್ನು ಇಳಿಬಿಟ್ಟು, ಅವು ತಮ್ಮ ಮೇಲೆ ಬಿದ್ದ ಧ್ವನಿಯ ಅರ್ಧವನ್ನು ಹೀರುವುವೆಂದು ಎಣಿಸಿದರೆ, ಆ ಮೂರು ಸೆಕೆಂಡು ಮುಕ್ಕಾಲು ಸೆಕೆಂಡಿಗಿಂತ ಕೆಳಗೆ ಇಳಿಯುವುದು! ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹೊಲಿದು ನಮ್ಮ ಅಜ್ಜಿಯರು ಮಾಡಿಟ್ಟ ಕೌದಿಯು ಪೆಟ್ಟಿಗೆಯ ತಳದಲ್ಲಿ ಮಲಗಿರುವಾಗ ಧ್ವನಿ ಹೀರುವ ಹಲಗೆಗಳಿಗೆ ಹಣವನ್ನೇಕೆ ಸುರಿಯಬೇಕು? ಕೌದಿಯನ್ನು ಗೋಡೆಗೆ ಅಂಟಿಸದೆ, ಕೋಲಿಗೆ ಪೋಣಿಸಿ ನಾಲ್ಕು ಬೆರಳು ಅಂತರದಲ್ಲಿ ತೂಗುಬಿಟ್ಟರೆ ಗುಣವು ಹೆಚ್ಚು. ನೆಲಕ್ಕೆ ಜಮಖಾನವಿರಲಿ. ಗಡುಸಾದ ತಗ್ಗು ಸ್ವರಗಳನ್ನು ಕೌದಿಯು ಹೀರಲಾರದು, ನಿಜ. ಆದರೆ ಮಾತಿನ ನಿಚ್ಚಳಕ್ಕೆ ಅದು ಸಾಕು.

ಎಲ್ಲಿ ತೂಗುಹಾಕಬೇಕು? ಇದಕ್ಕೊಂದು ಸುಲಭೋಪಾಯವುಂಟು. ಒಬ್ಬರು ಕೂಡುವ ಸ್ಥಳದಲ್ಲಿ ಕೂಡಲಿ. ಮತ್ತೊಬ್ಬರು ಪಕ್ಕದ ಗೋಡೆಗುಂಟ ಕನ್ನಡಿಯೊಂದನ್ನು ಸರಿಸುತ್ತ ಹೋಗಲಿ. ಕುಳಿತವರಿಗೆ ಕನ್ನಡಿಯಲ್ಲಿ ಸ್ಪೀಕರು ಎಲ್ಲಿ ಕಾಣುವುದೋ ಅಲ್ಲಿಯೇ ಧ್ವನಿಯು ಬಡಿದು ಬರುವುದು. ಅಲ್ಲಿಯೇ ಕೌದಿಯ ಸ್ಥಾನ. ಎರಡು ಪಕ್ಕದ ಗೋಡೆಗಳಿಗೆ ಒಂದೊಂದು, ಬೆನ್ನ ಹಿಂದಿನ ಗೋಡೆಗೆ ಒಂದು.

ಮನೆಯು ಸಿದ್ಧವಾಯಿತು, ಒಂದು ಕಾಸೂ ಹೋಗಲಿಲ್ಲ. ಇನ್ನು ಪೇಟೆಗೆ ಹೊರಡೋಣ. ಐದು ಕಳಪೆ ಸ್ಪೀಕರುಗಳಿಗಿಂತ ಎರಡು ಒಳ್ಳೆಯವು ಮೇಲು, ಇದನ್ನು ಮರೆಯಕೂಡದು. ಕೈಯಲ್ಲಿರುವ ಹಣವನ್ನು ಹತ್ತು ಪಾಲು ಮಾಡಿರಿ. ಐದು ಪಾಲು ಎದುರಿನ ಜೋಡಿ ಸ್ಪೀಕರುಗಳಿಗೆ, ಮೂರು ಪಾಲು ಆಂಪ್ಲಿಫೈಯರಿಗೆ, ಒಂದು ಪಾಲು ಹಿಂದಿನ ಸಣ್ಣ ಜೋಡಿಗೆ, ಉಳಿದ ಒಂದು ತಂತಿ ಮತ್ತು ಮರಗೆಲಸಕ್ಕೆ. ಕಲಬುರಗಿಯ ಅಂಗಡಿಗಳಲ್ಲಿಯೂ, ಹೈದರಾಬಾದಿನ ಕೋಠಿಯಲ್ಲಿಯೂ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿಯೂ ಈ ಸಾಮಾನುಗಳು ದೊರೆಯುವುವು. ಬಳಸಿದ ಸಾಮಾನಾದರೂ ಅಡ್ಡಿಯಿಲ್ಲ. ಹಳೆಯ ಸ್ಪೀಕರನ್ನು ಕೊಳ್ಳುವಾಗ ಅದರ ಕಾಗದದ ಬಟ್ಟಲನ್ನು ಎರಡೂ ಹೆಬ್ಬೆರಳುಗಳಿಂದ ಸಮನಾಗಿ, ಮೆಲ್ಲಗೆ ಒತ್ತಿ ನೋಡಿರಿ. ಒಳಗೆ ಕರಕರ ಉಜ್ಜಿದ ಸಪ್ಪಳವಾದರೆ ಸುರುಳಿಯು ಕೆಟ್ಟಿದೆ. ಅಂಚಿನ ಸುತ್ತಿನ ಫೋಮು ಉದುರುತ್ತಿದ್ದರೆ ಅದೂ ಬೇಡ.

ಡಬ್ಬಿಯ ಮೇಲೆ ‘ಪಿ.ಎಂ.ಪಿ.ಒ.’ ಎಂದು ಸಾವಿರಗಟ್ಟಲೆ ವ್ಯಾಟುಗಳನ್ನು ಅಚ್ಚುಹಾಕಿರುವುದುಂಟು. ಅದಕ್ಕೆ ಮರುಳಾಗದೆ ‘ಆರ್.ಎಂ.ಎಸ್.’ ಎಷ್ಟೆಂದು ಕೇಳಿರಿ. ಅಡಾಪ್ಟರಿನ ಮೇಲೆ 12 ವೋಲ್ಟು, 2 ಆಂಪಿಯರು ಎಂದು ಬರೆದಿದ್ದರೆ ಅದು ಕೊಡಬಲ್ಲುದು ಒಟ್ಟು 24 ವ್ಯಾಟು. ಅದರ ಮುಂದಿರುವ ಪೆಟ್ಟಿಗೆಯು ಸದಾಕಾಲ ನೂರು ವ್ಯಾಟು ಹೇಗೆ ಕೊಟ್ಟೀತು? ಬಾವಿಯಲ್ಲಿಲ್ಲದ ನೀರು ಕೊಡದಲ್ಲಿ ಬರುವುದುಂಟೆ? ಇಷ್ಟಾಗಿ, ಸದ್ದು ಕಿವಿಗೆ ಇಮ್ಮಡಿಯಾಗಿ ತೋರಬೇಕಾದರೆ ಶಕ್ತಿಯು ಸುಮಾರು ಹತ್ತುಮಡಿಯಾಗಬೇಕು. ಹತ್ತಡಿಯ ಕೋಣೆಗೆ ನಿಜವಾದ ಇಪ್ಪತ್ತು ವ್ಯಾಟು ಧಾರಾಳ.

ಬರಿಯ ಸ್ಪೀಕರನ್ನು ಕೊಂಡು ಪೆಟ್ಟಿಗೆಯನ್ನು ಊರ ಬಡಿಗೇರರಿಂದ ಮಾಡಿಸಿದರೆ ಉಳಿತಾಯವು ಇನ್ನೂ ಹೆಚ್ಚು. 18 ಮಿಲಿಮೀಟರಿನ ಪ್ಲೈವುಡ್ಡಿನಿಂದ, ಗಾಳಿಯಾಡದಂತೆ ಸಂದುಗಳನ್ನು ಅಂಟಿನಿಂದ ತುಂಬಿಸಿ ಮಾಡಿದ ಮುಚ್ಚುಪೆಟ್ಟಿಗೆಯು ನಂಬಿಗೆಗೆ ಯೋಗ್ಯವಾದುದು. ಒಳಗೆ ನಮ್ಮ ಹೊಲದ ಹತ್ತಿಯನ್ನೇ ಬೀಜ ತೆಗೆದು ಹಿಂಜಿ ಸಡಿಲವಾಗಿ ತುಂಬಿರಿ. ಹಿಂಬದಿಯ ಧ್ವನಿಯನ್ನು ಅದು ಹೀರುವುದಲ್ಲದೆ, ಪೆಟ್ಟಿಗೆಯು ತುಸು ದೊಡ್ಡದಾದಂತೆಯೂ ನಡೆದುಕೊಳ್ಳುವುದು. ಬಟ್ಟಲಿಗೆ ಹತ್ತಿಯು ತಾಗದಂತೆ ತೆಳುಬಟ್ಟೆಯನ್ನು ಅಡ್ಡಗಟ್ಟಬೇಕು. ತಂತಿಯ ವಿಷಯದಲ್ಲಿಯೂ ದುಂದು ಬೇಡ. ಮನೆಯ ವಿದ್ಯುತ್ತಿಗೆ ಬಳಸುವ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿಯು ಐದು ಮೀಟರು ಹೋಗಿಬಂದರೂ ಅದರ ತಡೆ ಓಮಿನ ಎಂಟನೆಯ ಒಂದು ಪಾಲಿನಷ್ಟೇ. 8 ಓಮಿನ ಸ್ಪೀಕರಿಗೆ ಅದು ಲೆಕ್ಕಕ್ಕಿಲ್ಲ.

ಎದುರಿನ ಎರಡು ಸ್ಪೀಕರುಗಳೂ ಕೇಳುವವರೂ ಸೇರಿ ಸಮಭುಜ ತ್ರಿಕೋನವಾಗಲಿ. ಅವು ಕುಳಿತವರ ಕಿವಿಯ ಎತ್ತರಕ್ಕಿರಲಿ. ಮೂಲೆಗೆ ಒತ್ತಿದರೆ ತಗ್ಗು ಸ್ವರಗಳು ಗುಮ್ಮೆಂದು ಮಾತನ್ನು ನುಂಗುವುವು. ಆದುದರಿಂದ ಗೋಡೆಯಿಂದ ಒಂದು ಮೊಳವಾದರೂ ಈಚೆಗಿಡಿರಿ. ಹಿಂದಿನ ಜೋಡಿಯು ಕೇಳುವವರ ಎಡಬಲಗಳಲ್ಲಿ ತುಸು ಹಿಂದಕ್ಕೆ, ಕಿವಿಗಿಂತ ಕೊಂಚ ಮೇಲಿರಬೇಕು.

ಎರಡು ಧ್ವನಿಪಥಗಳ ಆಂಪ್ಲಿಫೈಯರಿನಿಂದ ಹಿಂದಿನ ಜೋಡಿಯನ್ನು ನುಡಿಸುವುದು ಹೇಗೆ ಎಂದು ವಾಚಕರು ಕೇಳಬಹುದು. ಇಂಗ್ಲೆಂಡಿನ ಅಲನ್ ಬ್ಲಮ್ಲೀನನು ಎರಡು ಪಥಗಳ ಧ್ವನಿಗೆ ಪೇಟೆಂಟು ಬೇಡಿದ್ದು 1931ರಲ್ಲಿ. ಪ್ರೇಕ್ಷಕರನ್ನು ಧ್ವನಿಯಿಂದ ಸುತ್ತುವರಿಯಲು ಡಿಸ್ನಿಯವರು 1940ರ ‘ಫ್ಯಾಂಟೇಸಿಯಾ’ ಚಿತ್ರಕ್ಕೆ ಮಾಡಿದ ಏರ್ಪಾಡು ಎಷ್ಟು ದುಬಾರಿಯಾಗಿತ್ತೆಂದರೆ ಕೆಲವೇ ಚಿತ್ರಮಂದಿರಗಳು ಅದನ್ನು ಕಂಡುವು. ಆದರೆ 1970ರ ಸುಮಾರಿಗೆ ಅಮೆರಿಕದ ಡೇವಿಡ್ ಹಾಫ್ಲರನು ಬರಿಯ ತಂತಿಯ ಜೋಡಣೆಯಿಂದಲೇ ಇದನ್ನು ಸಾಧಿಸುವ ಉಪಾಯವನ್ನು ಪ್ರಚಾರಕ್ಕೆ ತಂದನು. ಮಾತು ಎರಡೂ ಪಥಗಳಲ್ಲಿ ಒಂದೇ ಸಮನಾಗಿರುವುದು. ಮಳೆ, ಗಾಳಿ, ಜನಸಂದಣಿ, ಸಭಾಂಗಣದ ಅನುರಣನ ಇವು ಎರಡರಲ್ಲಿ ಬೇರೆಬೇರೆಯಾಗಿರುವುವು. ಎರಡು ಪಥಗಳ ಅಂತರವನ್ನಷ್ಟೇ ಹಿಂದಕ್ಕೆ ಕಳುಹಿಸಿದರೆ ಮಾತು ಕಳೆದುಹೋಗಿ ಸುತ್ತಣ ಸದ್ದು ಮಾತ್ರ ಉಳಿಯುವುದು.

ಜೋಡಣೆಯು ಹೀಗೆ: ಎದುರಿನ ಜೋಡಿಯನ್ನು ಎಂದಿನಂತೆ ಕಟ್ಟಿರಿ. ಆಂಪ್ಲಿಫೈಯರಿನ ಎಡಗಡೆಯ ಕೆಂಪು ತುದಿಯಿಂದ ಹಿಂದಿನ ಎಡ ಸ್ಪೀಕರಿನ ಕೆಂಪಿಗೆ, ಬಲಗಡೆಯ ಕೆಂಪು ತುದಿಯಿಂದ ಹಿಂದಿನ ಬಲ ಸ್ಪೀಕರಿನ ಕೆಂಪಿಗೆ ತಂತಿಯನ್ನೊಯ್ಯಿರಿ. ಹಿಂದಿನ ಎರಡೂ ಸ್ಪೀಕರುಗಳ ಕಪ್ಪು ತುದಿಗಳನ್ನು ಒಂದಕ್ಕೊಂದು ಕೂಡಿಸಿರಿ. ಅವನ್ನು ಆಂಪ್ಲಿಫೈಯರಿಗೆ ಮಾತ್ರ ತರಕೂಡದು. ನಾಲ್ಕೂ 8 ಓಮಿನವಾಗಿರಲಿ. ವಾರ್ತೆಯನ್ನು ಹಚ್ಚಿ ಪರೀಕ್ಷಿಸಿರಿ: ಓದುವವರ ದನಿಯು ಹಿಂದಿನಿಂದ ಬಹುಮಟ್ಟಿಗೆ ಕೇಳಿಸಬಾರದು. ಕೇಳಿಸಿದರೆ ಎಲ್ಲಿಯೋ ತಂತಿಯು ಅದಲುಬದಲಾಗಿದೆಯೆಂದು ತಿಳಿಯತಕ್ಕದ್ದು.

ಇಲ್ಲಿ ಒಂದು ಎಚ್ಚರಿಕೆ. ಈ ಉಪಾಯವು ಒಳಗೆ ಎರಡು ಕಪ್ಪು ತುದಿಗಳೂ ಒಂದೇ ಆಗಿರುವ ಆಂಪ್ಲಿಫೈಯರಿಗೆ ಮಾತ್ರ ಸಲ್ಲುವುದು. ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಮಲ್ಟಿಮೀಟರನ್ನು ಎರಡು ಕಪ್ಪು ತುದಿಗಳಿಗೆ ಹಿಡಿಯಿರಿ. ತಡೆಯಿಲ್ಲವೆಂದು ತೋರಿದರೆ ಸರಿ. ಅಗ್ಗದ ಸಣ್ಣ ಬೋರ್ಡುಗಳಲ್ಲಿಯೂ ಕಾರಿನ ಆಂಪ್ಲಿಫೈಯರುಗಳಲ್ಲಿಯೂ ಹೀಗಿರುವುದು ವಿರಳ. ಅವುಗಳ ಮೇಲೆ ಈ ಪ್ರಯೋಗ ಬೇಡ. ಯಂತ್ರದ ಮುಚ್ಚಳವನ್ನು ತೆಗೆಯುವ ಕೆಲಸವನ್ನು ಬಲ್ಲ ಮೆಕ್ಯಾನಿಕನಿಗೇ ಬಿಡಿರಿ. ಪ್ಲಗ್ಗು ಕಿತ್ತ ಮೇಲೆಯೂ ಒಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರಬಹುದು. ನಾಲ್ವತ್ತು ಡಿಗ್ರಿಯ ಬೇಸಗೆಯಲ್ಲಿ ಆಂಪ್ಲಿಫೈಯರಿನ ಮೇಲೂ ಪಕ್ಕಗಳಲ್ಲಿಯೂ ಗೇಣಗಲ ತೆರವಿರಲಿ. ನಡೆಯುತ್ತಿರುವಾಗ ಕಸೂತಿಯ ವಸ್ತ್ರವನ್ನು ಹೊದಿಸಬೇಡಿರಿ.

ಮನೆಯಲ್ಲಿ ಕುಳಿತು ಧ್ವನಿಯ ಯಂತ್ರವನ್ನು ಕಟ್ಟುವುದು ಕನ್ನಡಿಗರಿಗೆ ಹೊಸತಲ್ಲ. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶಕ್ಕೆಲ್ಲ ಸಂದಿತು. ಅವರು ಸಣ್ಣದಾಗಿ ತೊಡಗಿ ಮೆಲ್ಲನೆ ಬೆಳೆಸಿದರು. ನಾವೂ ಹಾಗೆಯೇ ಮಾಡೋಣ. ಸುಗ್ಗಿ ಕೈಹಿಡಿದ ವರ್ಷ ಐದು ಪಥಗಳ ಬಳಸಿದ ರಿಸೀವರೊಂದನ್ನು ತಂದು, ಮಾತಿಗೆಂದೇ ನಡುವೆ ಒಂದು ಸ್ಪೀಕರನ್ನು ಸೇರಿಸಬಹುದು. ಹಿರಿಯರಿಗೆ ಅದರಿಂದ ಮತ್ತಷ್ಟು ಅನುಕೂಲ. ವೂಫರು ಎಲ್ಲಕ್ಕೂ ಕಡೆಗೆ ಬರಲಿ. ಅದನ್ನು ಮೊದಲು ನೀವು ಕೂಡುವ ಸ್ಥಳದಲ್ಲಿಟ್ಟು, ಗೋಡೆಗುಂಟ ಬಗ್ಗಿ ನಡೆಯುತ್ತ ಆಲಿಸಿರಿ. ತಗ್ಗು ಸ್ವರವು ಎಲ್ಲಿ ಹದವಾಗಿ ಕೇಳಿಸುವುದೋ ಅಲ್ಲಿಯೇ ಅದನ್ನು ಇಟ್ಟರಾಯಿತು.

ನೆರೆಮನೆಯ ಗೋಡೆಯೂ ನಮ್ಮದೂ ಒಂದೇ ಆಗಿರುವ ಓಣಿಗಳಲ್ಲಿ ಒಂದು ಮಾತು ಹೇಳದೆ ಮುಗಿಸಲಾಗದು. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿಪ್ರದೇಶದ ಮಿತಿ 45 ಡೆಸಿಬೆಲ್. ಗೋಡೆಯಾಚೆ ಪರೀಕ್ಷೆಗೆ ಓದುವ ಮಗುವಿರಬಹುದು, ನಸುಕಿನಲ್ಲಿ ಹೊಲಕ್ಕೆ ಹೊರಡುವ ದಂಪತಿಗಳಿರಬಹುದು. ಕೌದಿ ತೂಗಿದ ಕೋಣೆಯಲ್ಲಿ ಮೆಲುದನಿಯೇ ಸಾಕಾಗುವುದೆಂಬುದು ಈ ಏರ್ಪಾಡಿನ ದೊಡ್ಡ ಲಾಭ. ಕಟ್ಟೆಗೆ ಎದ್ದುಹೋದ ಹಿರಿಯರು ಪಡಸಾಲೆಗೆ ಮರಳಿ, “ಏನಂದ?” ಎಂದು ಕೇಳದೆ ಚಿತ್ರವನ್ನು ಕೊನೆಯವರೆಗೆ ನೋಡಿದರೆ ನಿಮ್ಮ ಸುತ್ತುದನಿಯು ಸರಿಯಾಗಿ ಕೂಡಿತೆಂದು ತಿಳಿಯಿರಿ.