ಹಗುರ ವಿಮಾನಕ್ಕೆ ತಕ್ಕ ಶುಲ್ಕ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ವಿಮಾನಯಾನವು ಬಹುಕಾಲ ದೂರದ ಮಾತಾಗಿತ್ತು. ಬೆಂಗಳೂರಿಗೆ ಹೋಗಬೇಕಾದರೆ ರಾತ್ರಿ ಬಸ್ಸು ಅಥವಾ ರೈಲು, ಮಂಗಳೂರಿಗೆ ಘಟ್ಟದ ರಸ್ತೆ, ಇದೇ ರೂಢಿ. 2023ರ ಫೆಬ್ರವರಿ 27ರಂದು ಶಿವಮೊಗ್ಗ ಸಮೀಪದ ಸೋಗಾನೆಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ವಿಮಾನ ನಿಲ್ದಾಣವನ್ನು ಉದ್ಘಾಟಿಸಿದರು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಸುಮಾರು 450 ಕೋಟಿ ರೂ. ವೆಚ್ಚದಲ್ಲಿ ನಿರ್ಮಾಣಗೊಂಡ ಈ ನಿಲ್ದಾಣಕ್ಕೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯವರಾದ ರಾಷ್ಟ್ರಕವಿ ಕುವೆಂಪು ಅವರ ಹೆಸರನ್ನಿಡಲಾಗಿದೆ. ಇದನ್ನು ನಡೆಸುವ ಹೊಣೆಯನ್ನು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಬಿಡದೆ ರಾಜ್ಯ ಸರ್ಕಾರವೇ ತನ್ನ ಕೈಗಾರಿಕಾ ಮತ್ತು ಮೂಲಸೌಕರ್ಯ ಅಭಿವೃದ್ಧಿ ನಿಗಮದ ಮೂಲಕ ವಹಿಸಿಕೊಂಡಿತು. ಹಾಗಾಗಿ ಇಲ್ಲಿಯ ಲಾಭನಷ್ಟಗಳೆರಡೂ ಕನ್ನಡಿಗ ತೆರಿಗೆದಾರರ ಲೆಕ್ಕಕ್ಕೆ ಸೇರುತ್ತವೆ.

ನಿಲ್ದಾಣ ಕಟ್ಟಿದ ಮೇಲೆ ಅದನ್ನು ನಡೆಸುವ ಖರ್ಚಿನ ಪ್ರಶ್ನೆ ಬರುತ್ತದೆ. ಆಗ ಅಧಿಕಾರಿಗಳ ಕಣ್ಣು ಸಹಜವಾಗಿ ದರಪಟ್ಟಿಯ ಮೇಲೆ ಬೀಳುತ್ತದೆ. ಆ ಪಟ್ಟಿಯಲ್ಲಿ ಹೆಚ್ಚು ಚರ್ಚೆಗೆ ಬಾರದ ಒಂದು ಬಾಬತ್ತೆಂದರೆ ಲಘು ವಿಮಾನಗಳ ಲ್ಯಾಂಡಿಂಗ್ ಶುಲ್ಕ. ನಾಲ್ಕಾರು ಜನ ಕೂರುವ ಸಣ್ಣ ವಿಮಾನ ಬಂದಿಳಿದರೆ ಎಷ್ಟು ವಸೂಲು ಮಾಡಬೇಕು ಎಂಬುದು ಅಡಿಕೆ ವರ್ತಕರಿಗಾಗಲೀ ಯಂತ್ರ ತಯಾರಕರಿಗಾಗಲೀ ಸಂಬಂಧಿಸಿದ ವಿಷಯವಲ್ಲವೆಂದು ಮೇಲುನೋಟಕ್ಕೆ ತೋರಬಹುದು. ವಾಸ್ತವವಾಗಿ ನಿಲ್ದಾಣವು ಈ ಮೂರು ತಾಲ್ಲೂಕುಗಳ ವ್ಯವಹಾರಕ್ಕೆ ಉಪಯೋಗವಾಗುವುದೋ ಇಲ್ಲವೋ ಎಂಬುದು ಇಂಥ ಸಣ್ಣ ನಿರ್ಣಯಗಳನ್ನೂ ಅವಲಂಬಿಸಿದೆ.

ಶುಲ್ಕದ ಲೆಕ್ಕಾಚಾರ

ಲ್ಯಾಂಡಿಂಗ್ ಶುಲ್ಕವನ್ನು ಲೋಕದೆಲ್ಲೆಡೆ ಸಾಮಾನ್ಯವಾಗಿ ವಿಮಾನದ ತೂಕದ ಮೇಲೆ, ಅಂದರೆ ಅದು ಹೊತ್ತು ಹಾರಬಲ್ಲ ಗರಿಷ್ಠ ತೂಕದ ಮೇಲೆ, ಟನ್ನಿಗೆ ಇಂತಿಷ್ಟು ಎಂದು ನಿಗದಿಪಡಿಸಲಾಗುತ್ತದೆ. ತರಬೇತಿಗೆ ಹೆಚ್ಚಾಗಿ ಬಳಕೆಯಲ್ಲಿರುವ ನಾಲ್ಕು ಆಸನಗಳ ಸೆಸ್ನಾ 172 ವಿಮಾನದ ತೂಕ ಒಂದು ಟನ್ನಿಗಿಂತ ತುಸು ಹೆಚ್ಚು. ಬೆಂಗಳೂರು–ಶಿವಮೊಗ್ಗ ಮಾರ್ಗದಲ್ಲಿ ಮೊದಲು ಹಾರಿದ ಎಟಿಆರ್ 72 ಮಾದರಿಯದು ಸುಮಾರು 23 ಟನ್. ದೊಡ್ಡ ನಗರಗಳ ನಡುವೆ ಓಡಾಡುವ ಏರ್‌ಬಸ್ 320 ಮಾದರಿಯದು 75 ಟನ್ನಿಗೂ ಹೆಚ್ಚು. ಭಾರ ಹೆಚ್ಚಿದಂತೆ ರನ್‌ವೇ ಸವೆಯುವುದೂ ಹೆಚ್ಚು, ಆದಕಾರಣ ಶುಲ್ಕವೂ ಹೆಚ್ಚು. ಈ ತತ್ತ್ವ ನ್ಯಾಯವಾದದ್ದೇ ಆಗಿದೆ.

ತೊಡಕು ಬರುವುದು ‘ಕನಿಷ್ಠ ಶುಲ್ಕ’ ಎಂಬ ಕಲಮಿನಿಂದ. ದೊಡ್ಡ ನಿಲ್ದಾಣಗಳ ದರಪಟ್ಟಿಗಳಲ್ಲಿ ತೂಕ ಎಷ್ಟೇ ಇರಲಿ, ಒಂದು ಇಳಿತಕ್ಕೆ ಇಷ್ಟಾದರೂ ಕೊಡಲೇಬೇಕೆಂಬ ಕಟ್ಟಳೆ ಇರುವುದುಂಟು. ಉದಾಹರಣೆಗಾಗಿ ಟನ್ನಿಗೆ 200 ರೂ. ದರವೆಂದೂ ಕನಿಷ್ಠ ಶುಲ್ಕ 5,000 ರೂ. ಎಂದೂ ಊಹಿಸಿಕೊಳ್ಳೋಣ. ತೂಕದ ಲೆಕ್ಕದಲ್ಲಿ ಸೆಸ್ನಾ ಕೊಡಬೇಕಾದದ್ದು 230 ರೂ. ಆಸುಪಾಸು, ಎಟಿಆರ್ ಕೊಡಬೇಕಾದದ್ದು 4,600 ರೂ. ಆದರೆ ಕನಿಷ್ಠ ಶುಲ್ಕದ ಕಲಮಿನಿಂದಾಗಿ ಸೆಸ್ನಾ ತನ್ನ ಪಾಲಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ತೆರಬೇಕಾಗುತ್ತದೆ. ಮುಂಬಯಿ, ದೆಹಲಿಗಳಂತಹ ನಿಲ್ದಾಣಗಳಲ್ಲಿ ಇದಕ್ಕೆ ಸಮರ್ಥನೆಯಿದೆ. ಅಲ್ಲಿ ಒಂದು ಸಣ್ಣ ವಿಮಾನ ರನ್‌ವೇಯನ್ನು ಆಕ್ರಮಿಸುವ ಕೆಲವು ನಿಮಿಷಗಳಲ್ಲಿ ನೂರೆಂಬತ್ತು ಪ್ರಯಾಣಿಕರ ವಿಮಾನವೊಂದು ಆಕಾಶದಲ್ಲಿ ಕಾಯಬೇಕಾಗುತ್ತದೆ. ದಿನಕ್ಕೆ ಕೆಲವೇ ವಿಮಾನಗಳು ಬಂದುಹೋಗುವ ನಿಲ್ದಾಣದಲ್ಲಿ ಆ ಸಮರ್ಥನೆಗೆ ಎಡೆಯಿಲ್ಲ. ಸೋಗಾನೆಯ ರನ್‌ವೇ ಮೂರು ಸಾವಿರ ಮೀಟರಿಗೂ ಉದ್ದವಾದದ್ದು. ಸಣ್ಣ ವಿಮಾನಕ್ಕೆ ಅದರ ಮೂರನೆಯ ಒಂದು ಭಾಗವೂ ಬೇಕಿಲ್ಲ. ಅಗ್ನಿಶಾಮಕ ಸಿಬ್ಬಂದಿ, ವಿಮಾನ ನಿಯಂತ್ರಕರು, ಕಾವಲುಗಾರರು ಹೇಗೂ ಸಂಬಳಕ್ಕೆ ಇದ್ದೇ ಇರುತ್ತಾರೆ. ಹೆಚ್ಚುವರಿಯಾಗಿ ಒಂದು ಲಘು ವಿಮಾನ ಬಂದಿಳಿದರೆ ನಿಲ್ದಾಣದ ಖರ್ಚು ಹೇಳಿಕೊಳ್ಳುವಷ್ಟು ಏರುವುದಿಲ್ಲ.

ಯಾರಿಗೆ ರಿಯಾಯಿತಿ, ಯಾರಿಗಿಲ್ಲ

ಕೇಂದ್ರ ಸರ್ಕಾರ ಈ ಸೂಕ್ಷ್ಮವನ್ನು ಬಹಳ ಹಿಂದೆಯೇ ಮನಗಂಡಿತ್ತು. 2004ರಲ್ಲಿ ಬಂದ ನಿರ್ಧಾರದಂತೆ, ನಿಗದಿತ ವೇಳಾಪಟ್ಟಿಯ ದೇಶೀಯ ಸಂಸ್ಥೆಗಳು ಹಾರಿಸುವ, 80ಕ್ಕಿಂತ ಕಡಿಮೆ ಆಸನಗಳ ವಿಮಾನಗಳಿಗೆ ಲ್ಯಾಂಡಿಂಗ್ ಶುಲ್ಕದಿಂದ ವಿನಾಯಿತಿ ದೊರೆಯಿತು. ಹೆಲಿಕಾಪ್ಟರುಗಳಿಗೂ ಇದು ಅನ್ವಯವಾಯಿತು. ಮಾನ್ಯತೆ ಪಡೆದ ವಿಮಾನ ತರಬೇತಿ ಶಾಲೆಗಳಿಗೂ ವಿನಾಯಿತಿಯನ್ನು ಪ್ರಾಧಿಕಾರದ ದರಪಟ್ಟಿಗಳಲ್ಲಿ ಕಾಣಬಹುದು. ಎಪ್ಪತ್ತೆಂಟು ಆಸನಗಳ ಎಟಿಆರ್ ವಿಮಾನಗಳು ಸಣ್ಣ ಊರುಗಳ ಮಾರ್ಗಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೆ ಈ ನಿಯಮವೂ ಒಂದು ಕಾರಣ. ಮುಂದೆ 2016ರ ಅಕ್ಟೋಬರಿನಲ್ಲಿ ಪ್ರಕಟವಾದ ಉಡಾನ್ ಯೋಜನೆಯು ಆಯ್ದ ಪ್ರಾದೇಶಿಕ ಮಾರ್ಗಗಳ ವಿಮಾನಗಳಿಗೆ ಲ್ಯಾಂಡಿಂಗ್ ಮತ್ತು ನಿಲುಗಡೆ ಶುಲ್ಕಗಳನ್ನು ಮನ್ನಾ ಮಾಡಿತು. ಅದರೊಡನೆ ಮೂರು ವರ್ಷಗಳ ಮಟ್ಟಿಗೆ ನಷ್ಟ ತುಂಬಿಕೊಡುವ ಏರ್ಪಾಟನ್ನೂ ಮಾಡಿತು. 2023ರ ನವೆಂಬರಿನಲ್ಲಿ ಶಿವಮೊಗ್ಗದಿಂದ ಹೈದರಾಬಾದ್, ಗೋವಾ, ತಿರುಪತಿಗಳಿಗೆ ಆರಂಭವಾದ ವಿಮಾನಗಳು ಈ ಯೋಜನೆಯ ಅಡಿಯಲ್ಲಿ ಬಂದವು.

ಗಮನಿಸಬೇಕಾದ ಸಂಗತಿಯೊಂದಿದೆ. ಈ ಎಲ್ಲ ವಿನಾಯಿತಿಗಳ ನಡುವೆ ಉಳಿದುಹೋಗುವುದು ವೇಳಾಪಟ್ಟಿಯಿಲ್ಲದ ಸಣ್ಣ ವಿಮಾನ. ಕೊಳ್ಳುವವರನ್ನು ಕರೆತರುವ ಬಾಡಿಗೆ ವಿಮಾನ, ರೋಗಿಯನ್ನು ಒಯ್ಯುವ ಆಂಬುಲೆನ್ಸ್ ವಿಮಾನ, ತುರ್ತು ಬಿಡಿಭಾಗ ತರುವ ಪುಟ್ಟ ಸರಕು ವಿಮಾನ, ಇವುಗಳೆಲ್ಲ ಒಬ್ಬ ಶ್ರೀಮಂತನ ಸ್ವಂತ ಜೆಟ್ಟಿನೊಡನೆ ಒಂದೇ ವರ್ಗಕ್ಕೆ ಸೇರಿಬಿಡುತ್ತವೆ. ಎಪ್ಪತ್ತೆಂಟು ಆಸನದ ವಿಮಾನ ಪುಕ್ಕಟೆಯಾಗಿ ಇಳಿಯುವಾಗ ಆರು ಆಸನದ್ದು ಹಣ ಕೊಟ್ಟು ಇಳಿಯಬೇಕಾದ ವಿಚಿತ್ರ ಪರಿಸ್ಥಿತಿ ಇದರಿಂದ ಉಂಟಾಗಿದೆ.

ಮೂರು ತಾಲ್ಲೂಕುಗಳಿಗೇನು?

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮುಖ್ಯ ವ್ಯಾಪಾರ ಅಡಿಕೆ. ಅಡಿಕೆ ಮೂಟೆ ವಿಮಾನವೇರುವುದಿಲ್ಲ. ಅದು ಲಾರಿಯಲ್ಲೇ ಗುಜರಾತಿಗೂ ಉತ್ತರ ಭಾರತಕ್ಕೂ ಹೋಗುತ್ತದೆ, ಮುಂದೆಯೂ ಹಾಗೆಯೇ ಹೋಗಬೇಕು. ಈ ವಿಷಯದಲ್ಲಿ ಯಾರಿಗೂ ಭ್ರಮೆ ಬೇಡ. ಆದರೆ ವ್ಯಾಪಾರವೆಂದರೆ ಮೂಟೆ ಮಾತ್ರವಲ್ಲ. ಸಾಗರದ ಗುಡಿಗಾರರ ಶ್ರೀಗಂಧದ ಕೆತ್ತನೆ ತೂಕದಲ್ಲಿ ಕಡಿಮೆ, ಬೆಲೆಯಲ್ಲಿ ಹೆಚ್ಚು. ಅದನ್ನು ಕಣ್ಣಾರೆ ಕಂಡು ಆರ್ಡರು ಕೊಡುವ ಗಿರಾಕಿ ದೂರದ ಊರಿನವನು. ಭೌಗೋಳಿಕ ಸೂಚಕ ಪಡೆದ ಮಲೆನಾಡಿನ ಅಪ್ಪೆಮಿಡಿ ಕೆಲವೇ ವಾರಗಳ ಹಂಗಾಮಿನದು. ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಯ ಮಿಡಿ ವ್ಯಾಪಾರಕ್ಕೆ ಒಂದು ದಿನ ತಡವಾದರೂ ನಷ್ಟವೇ. ಅಡಿಕೆ ಸುಲಿಯುವ ಯಂತ್ರ ತಯಾರಿಸುವ ಸಣ್ಣ ಘಟಕದಲ್ಲಿ ಮುಖ್ಯ ಯಂತ್ರವೊಂದು ಕೈಕೊಟ್ಟರೆ, ಅದನ್ನು ಸರಿಪಡಿಸುವ ತಂತ್ರಜ್ಞ ಬರುವವರೆಗೆ ಕೆಲಸಗಾರರು ಕೈಕಟ್ಟಿ ಕೂರಬೇಕು. ಕೊಯ್ಲಿನ ಕಾಲದಲ್ಲಿ ಎರಡು ದಿನ ನಿಂತರೆ ಆ ವರ್ಷದ ಲಾಭವೇ ಹೋದಂತೆ. ಎಂಟು ಹತ್ತು ಮಂದಿ ತಯಾರಕರು ಸೇರಿ ಒಂದು ಸಣ್ಣ ವಿಮಾನವನ್ನು ಬಾಡಿಗೆಗೆ ಹಿಡಿಯುವುದು ಇಂದು ದುಬಾರಿಯಾಗಿ ಕಂಡರೂ ನಾಳೆ ಅಸಾಧ್ಯವೇನಲ್ಲ. ಆ ದಾರಿಯ ಬಾಗಿಲಲ್ಲೇ ಸುಂಕದ ಕಟ್ಟೆ ಹಾಕಬಾರದು.

ತರಬೇತಿ ಶಾಲೆಗಳ ವಿಷಯವೂ ಹೀಗೆಯೇ. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವಿಮಾನ ತರಬೇತಿ ಶಾಲೆಯನ್ನು ಬಲ್ಲವರಿಗೆ ಗೊತ್ತಿರುವಂತೆ, ಒಬ್ಬ ವಿದ್ಯಾರ್ಥಿ ದಿನವೊಂದಕ್ಕೆ ಹಲವು ಬಾರಿ ಏರಿ ಇಳಿದು ಅಭ್ಯಾಸ ಮಾಡಬೇಕಾಗುತ್ತದೆ. ಪ್ರತಿ ಇಳಿತಕ್ಕೂ ಕನಿಷ್ಠ ಶುಲ್ಕ ಎಂದರೆ ಆ ಶಾಲೆ ಬೇರೆ ಊರು ನೋಡಿಕೊಳ್ಳುತ್ತದೆ. ಶಾಲೆ ಇಲ್ಲಿಗೆ ಬಂದರೆ ವಸತಿ, ಊಟ, ಇಂಧನ, ವಾಹನ, ದುರಸ್ತಿ ಎಂಬ ಬಾಬತ್ತುಗಳಲ್ಲಿ ಹರಿದುಬರುವ ಹಣ ಲ್ಯಾಂಡಿಂಗ್ ಶುಲ್ಕದ ಹತ್ತಾರು ಪಟ್ಟು.

ಶಿಸ್ತಿನ ನೆನಪು

ಹೊಸನಗರ ತಾಲ್ಲೂಕಿನ ಬಿದನೂರು ನಗರವನ್ನು ರಾಜಧಾನಿಯಾಗಿಸಿಕೊಂಡಿದ್ದ ಕೆಳದಿ ಅರಸರ ಪೈಕಿ ಶಿವಪ್ಪನಾಯಕನ ಹೆಸರು ಇಂದಿಗೂ ನಿಂತಿರುವುದು ‘ಶಿಸ್ತಿ’ನಿಂದ. ಹದಿನೇಳನೆಯ ಶತಮಾನದಲ್ಲಿ ಆತ ಭೂಮಿಯನ್ನು ಗುಣಕ್ಕೆ ತಕ್ಕಂತೆ ವಿಂಗಡಿಸಿ, ಮಾದರಿ ಹೊಲಗಳನ್ನು ಹಲವು ವರ್ಷ ಬೇಸಾಯ ಮಾಡಿಸಿ ನೋಡಿ, ಸರಾಸರಿ ಫಸಲಿನ ಆಧಾರದ ಮೇಲೆ ಕಂದಾಯ ನಿಗದಿಪಡಿಸಿದನೆಂದು ಪ್ರತೀತಿ. ಹುಟ್ಟುವಳಿಗೆ ತಕ್ಕ ತೆರಿಗೆ, ಮೊದಲೇ ತಿಳಿದ ತೆರಿಗೆ, ಲೆಕ್ಕವಿಟ್ಟ ತೆರಿಗೆ: ಈ ಮೂರು ಗುಣಗಳಿಂದ ಅದು ಮಾದರಿಯಾಯಿತು. ತೀರ ಇತ್ತೀಚಿನವರೆಗೂ ಶರಾವತಿ ಹಿನ್ನೀರಿನಲ್ಲಿ ಹೊಳೆಬಾಗಿಲಿನ ಲಾಂಚು ನಡೆದದ್ದೂ ಇದೇ ನ್ಯಾಯದಲ್ಲಿ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗುವವರೆಗೆ ಆ ಲಾಂಚು ಸಿಗಂದೂರಿನ ಭಕ್ತರನ್ನೂ ತುಮರಿ ಭಾಗದ ಜನರನ್ನೂ ದಾಟಿಸುತ್ತಿತ್ತು. ಬಸ್ಸಿಗೊಂದು ದರ, ಬೈಕಿಗೊಂದು ದರ. ಬೈಕಿನವನಿಂದ ಬಸ್ಸಿನ ಹಣ ಕೇಳುವ ಯೋಚನೆ ಯಾರಿಗೂ ಬರಲಿಲ್ಲ. ಜನರನ್ನು ಆಚೆ ದಡ ಮುಟ್ಟಿಸುವುದು ಅದರ ಕೆಲಸವೆಂದು ಎಲ್ಲರೂ ಒಪ್ಪಿಕೊಂಡಿದ್ದರು.

ಎದುರು ಮಾತು

ಶುಲ್ಕವನ್ನು ಪೂರ್ತಿ ಮನ್ನಾ ಮಾಡಿದರೆ ವಿಮಾನಗಳು ತಾವಾಗಿ ಬರುತ್ತವೆ ಎಂಬ ವಾದವೂ ಇದೆ. ಅನುಭವ ಅದನ್ನು ಸಮರ್ಥಿಸುವುದಿಲ್ಲ. ಉಡಾನ್ ಯೋಜನೆಯ ಬಗ್ಗೆ 2023ರಲ್ಲಿ ಮಹಾಲೇಖಪಾಲರು ಸಲ್ಲಿಸಿದ ವರದಿಯ ಪ್ರಕಾರ, ಪರಿಶೀಲನೆಗೆ ಒಳಪಟ್ಟ 774 ಮಾರ್ಗಗಳಲ್ಲಿ ಹಾರಾಟ ಆರಂಭವಾದದ್ದು 371ರಲ್ಲಿ. ಮೂರು ವರ್ಷದ ರಿಯಾಯಿತಿ ಅವಧಿ ಮುಗಿಸಿದ್ದು 112. ಅದರಾಚೆಗೂ 2023ರ ಮಾರ್ಚಿನವರೆಗೆ ಉಳಿದದ್ದು 54 ಮಾತ್ರ. ನಮ್ಮ ರಾಜ್ಯದ ಬೀದರಿನಲ್ಲೇ 2020ರಲ್ಲಿ ಆರಂಭವಾದ ವಿಮಾನ ಸೇವೆ ನಿಂತು, 2022ರಲ್ಲಿ ಮತ್ತೆ ಶುರುವಾಗಿ, 2023ರ ಕೊನೆಗೆ ಪುನಃ ನಿಂತು, 2025ರ ಏಪ್ರಿಲಿನಲ್ಲಿ ಮರಳಿ ಆರಂಭವಾಯಿತು. ವಿಮಾನ ಸಂಸ್ಥೆಯ ಖರ್ಚಿನಲ್ಲಿ ಇಂಧನ, ವಿಮಾನದ ಬಾಡಿಗೆ ಮತ್ತು ಸಿಬ್ಬಂದಿಯದೇ ದೊಡ್ಡ ಪಾಲು. ಲ್ಯಾಂಡಿಂಗ್ ಶುಲ್ಕ ಸಣ್ಣದು. ಆಸನ ತುಂಬದಿದ್ದರೆ ಯಾವ ರಿಯಾಯಿತಿಯೂ ಕೈಹಿಡಿಯುವುದಿಲ್ಲ.

ಎಲ್ಲರಿಗೂ ಎಂದೆಂದಿಗೂ ಪುಕ್ಕಟೆ ಎಂಬುದು ನ್ಯಾಯವೂ ಅಲ್ಲ. ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ನಿಂತು ಪ್ರಯಾಣಿಸುವ ಕೂಲಿಕಾರನ ತೆರಿಗೆಯಿಂದ ಸ್ವಂತ ಜೆಟ್ಟಿನವನ ಇಳಿತಕ್ಕೆ ಸಹಾಯಧನ ಕೊಟ್ಟಂತಾಗಬಾರದು. ಆದ್ದರಿಂದ ಕೇಳಬೇಕಾದದ್ದು ದಾನವನ್ನಲ್ಲ, ತಕ್ಕ ದರವನ್ನು.

ಆಗಬೇಕಾದದ್ದು

ಪ್ರಯಾಣಿಕರ ಸಂಖ್ಯೆ ವರ್ಷಕ್ಕೆ 35 ಲಕ್ಷ ದಾಟುವ ಪ್ರಮುಖ ನಿಲ್ದಾಣಗಳ ದರಗಳನ್ನು 2008ರ ಕಾಯ್ದೆಯಡಿ ಸ್ಥಾಪಿತವಾದ ಆರ್ಥಿಕ ನಿಯಂತ್ರಣ ಪ್ರಾಧಿಕಾರವು ಬಳಕೆದಾರರ ಅಹವಾಲು ಆಲಿಸಿ ನಿಗದಿಪಡಿಸುತ್ತದೆ. ಶಿವಮೊಗ್ಗದಂತಹ ಸಣ್ಣ ನಿಲ್ದಾಣ ಆ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದಲೇ ಇಲ್ಲಿ ವರ್ತಕರ ಸಂಘಟನೆಗಳು ತಾವಾಗಿ ಎಚ್ಚರವಹಿಸಬೇಕಾಗುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲ ಎಂಬ ಗಾದೆ ಇದೆ. ದರ ನಿಗದಿಯಾಗುವ ಮುನ್ನವೇ ಮಾತಾಡುವುದು ಲೇಸು.

ಮೊದಲನೆಯದಾಗಿ, 5,700 ಕಿಲೋಗ್ರಾಂವರೆಗಿನ ಲಘು ವಿಮಾನಗಳಿಗೆ ಕನಿಷ್ಠ ಶುಲ್ಕವೆಂಬ ಕಲಮು ಇರಬಾರದು. ತೂಕಕ್ಕೆ ತಕ್ಕಷ್ಟೇ ಇರಬೇಕು. ಎರಡನೆಯದಾಗಿ, ತರಬೇತಿ, ಆಂಬುಲೆನ್ಸ್ ಮತ್ತು ಹಂಗಾಮಿನ ಸರಕು ಸಾಗಣೆಯ ಲಘು ವಿಮಾನಗಳಿಗೆ ಐದು ವರ್ಷಗಳ ಮಟ್ಟಿಗೆ ಪೂರ್ಣ ವಿನಾಯಿತಿ ಸಿಗಬೇಕು. ವಿಲಾಸಕ್ಕಾಗಿ ಬರುವ ಖಾಸಗಿ ವಿಮಾನ ತನ್ನ ಪಾಲು ಕೊಡಲಿ. ಮೂರನೆಯದಾಗಿ, ಲ್ಯಾಂಡಿಂಗ್, ನಿಲುಗಡೆ, ನಿಗದಿತ ವೇಳೆಯ ಆಚೆಗಿನ ಸೇವೆ ಇವೆಲ್ಲವುಗಳ ದರವನ್ನು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಪ್ರಕಟಿಸಬೇಕು. ಬಂದಿಳಿದ ಮೇಲೆ ಹೊಸ ಬಾಬತ್ತು ಸೇರಿಸುವ ಪದ್ಧತಿ ಕೂಡದು. ನಾಲ್ಕನೆಯದಾಗಿ, ವಿನಾಯಿತಿಯಿಂದ ಬಿಟ್ಟುಕೊಟ್ಟ ಹಣವೆಷ್ಟು, ಬಂದ ವಿಮಾನಗಳೆಷ್ಟು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಸಾರ್ವಜನಿಕರ ಮುಂದಿಡಬೇಕು. ನಿಲ್ದಾಣಕ್ಕೆ ಸಂಬಂಧಿಸಿದ ಸಮಾಲೋಚನೆಗಳಲ್ಲಿ ಜಿಲ್ಲಾ ಕೇಂದ್ರದ ಉದ್ಯಮಿಗಳ ಜೊತೆಗೆ ಈ ಮೂರು ತಾಲ್ಲೂಕುಗಳ ವರ್ತಕರಿಗೂ ಸ್ಥಾನ ಸಿಗಬೇಕು.

ಶುಲ್ಕ ಇಳಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಗದು. ಮಳೆಗಾಲದ ಮೋಡ ಮಂಜಿನಲ್ಲೂ ವಿಮಾನ ಇಳಿಯುವಂತಾಗಬೇಕು. ಸೋಗಾನೆಯಿಂದ ಸಾಗರಕ್ಕೂ ತೀರ್ಥಹಳ್ಳಿಗೂ ಹೊಸನಗರಕ್ಕೂ ಒಳ್ಳೆಯ ರಸ್ತೆಯೂ ಹೊತ್ತಿಗೆ ಸರಿಯಾದ ಬಸ್ಸೂ ಬೇಕು. ಅವಕ್ಕೆ ಕೋಟಿಗಟ್ಟಲೆ ಹಣವೂ ವರ್ಷಗಟ್ಟಲೆ ಕಾಲವೂ ಹಿಡಿಯಬಹುದು. ದರಪಟ್ಟಿಯ ಒಂದು ಕಲಮನ್ನು ಸರಿಪಡಿಸುವುದಕ್ಕೆ ಹಣ ಬೇಕಿಲ್ಲ, ಒಂದು ಆದೇಶ ಸಾಕು. ರಾಜ್ಯ ಸರ್ಕಾರದ ಕೈಯಲ್ಲೇ ಇರುವ ನಿಲ್ದಾಣದಲ್ಲಿ ಆ ಆದೇಶಕ್ಕಾಗಿ ಮೂರು ತಾಲ್ಲೂಕುಗಳ ವರ್ತಕ ಸಂಘಗಳು ಒಟ್ಟಾಗಿ ಮನವಿ ಸಲ್ಲಿಸುವುದು ಉಚಿತವಾಗಿದೆ.